ಬೀಗಪ್ಪನ ನೀಲಿ ಅಂಗಿ

ಎಲ್ಲ ತಾಪತ್ರಯವೂ ಶುರುವಾದದ್ದು ಒಂದು ಕೆಂಪು ಮೀನಿನಿಂದ. ನೀರಿನಲ್ಲಿರುವ ಮೀನಲ್ಲ, ಮೊಬೈಲಿನ ಗಾಜಿನ ಮೇಲೆ ಈಜುವ ಮೀನು. ಬೆರಳು ತಾಗಿಸಿದರೆ ಬಾಲ ಬಡಿದು ಓಡುತ್ತಿತ್ತು. ಬೆರಳು ತೆಗೆದರೆ ಮೆಲ್ಲನೆ ತಿರುಗಿ ಬಂದು, ಯಾರಪ್ಪಾ ಅದು ಎನ್ನುವಂತೆ ಗಾಜಿನಾಚೆಯಿಂದ ನೋಡುತ್ತಿತ್ತು.

ಬೆಳಗಿನ ತಿಂಡಿಯ ಹೊತ್ತಿಗೆ ಅತ್ತೆ ಅಳಿಯನ ಫೋನಿನಲ್ಲಿ ಆ ಮೀನನ್ನು ಹದಿನೇಳನೆಯ ಸಲ ಓಡಿಸಿ ನಕ್ಕರು.

"ಅಳಿಯಂದಿರೇ, ಇನ್ನೂ ಅಂಗಡಿಗೇ ಬಂದಿಲ್ಲದ ಫೋನು ನೋಡೋ ಯೋಗ ನನಗೆ ಬಂತಲ್ಲ! ಈ ಮೀನು ಮಾಡಿದ್ದು ನೀವೇನಾ?"

"ಅಲ್ಲ ಅತ್ತೆ. ಅದು ನನ್ನ ಪಕ್ಕದ ಸೀಟಿನವನು ಮಾಡಿದ್ದು."

"ಹೌದಾ? ಮತ್ತೆ ನೀವು ಮಾಡಿದ್ದು ಯಾವುದು?"

"ಬೀಗ."

ಅತ್ತೆ ಕನ್ನಡಕ ಮೇಲಕ್ಕೇರಿಸಿ ಫೋನನ್ನು ಹಿಂದೆ ಮುಂದೆ ತಿರುಗಿಸಿ, ಬದಿಗಳನ್ನೆಲ್ಲ ಸವರಿ ನೋಡಿದರು. "ಎಲ್ಲಿ, ಕಾಣೋದೇ ಇಲ್ವಲ್ಲ?"

"ಕಾಣಬಾರದು ಅತ್ತೆ. ಒಳಗಿರೋ ಫೋಟೋ, ಕಾಗದ, ಲೆಕ್ಕ ಎಲ್ಲವನ್ನೂ ಅದು ನುಣ್ಣಗೆ ಪುಡಿ ಮಾಡಿ ಕಲಸಿಬಿಡುತ್ತೆ. ಪಾಸ್‌ವರ್ಡ್ ಹಾಕಿದ್ರೆ ಮಾತ್ರ ಮತ್ತೆ ಮೊದಲಿನ ಹಾಗೆ. ಕಳ್ಳ ಕದ್ರೂ ಅವನಿಗೆ ಸಿಗೋದು ಬರೀ ಪುಡಿ. ಇದಕ್ಕೆ ಎನ್‌ಕ್ರಿಪ್ಷನ್ ಅಂತಾರೆ. ಎರಡು ವರ್ಷದ ಕೆಲಸ."

ಅತ್ತೆ ಮೀನನ್ನು ಇನ್ನೊಮ್ಮೆ ಓಡಿಸಿದರು. "ಕಳ್ಳನಿಗೆ ಮೀನಾದರೂ ಕಾಣುತ್ತೋ?"

"ಕಾಣುತ್ತೆ."

"ಸದ್ಯ! ಪಾಪ, ಅಷ್ಟು ಕಷ್ಟಪಟ್ಟು ಕದ್ದಿರ್ತಾನೆ."

ಅಳಿಯನ ಗಂಟಲಲ್ಲಿ ರೊಟ್ಟಿಯ ಚೂರು ಅಡ್ಡ ನಿಂತಿತು. ಹೆಂಡತಿ ನೀರಿನ ಲೋಟವನ್ನೂ ಇಸ್ತ್ರಿ ಮಾಡಿದ ನೀಲಿ ಅಂಗಿಯನ್ನೂ ಒಟ್ಟಿಗೇ ಮುಂದಿಟ್ಟಳು. ಅಂಗಿಯ ಎದೆಯ ಗುಂಡಿ ನಿನ್ನೆ ಕಿತ್ತು ಬಂದಿತ್ತು. ನೀಲಿ ದಾರ ಸಿಗದೆ ಬಿಳಿ ದಾರದಲ್ಲಿ ಹೊಲಿದಿದ್ದಳು.

"ಇವತ್ತೇ ಅಲ್ವಾ ಹೇಳೋದು, ವೇದಿಕೆ ಮೇಲೆ ಯಾರು ಅಂತ?" ಎಂದು ಕೇಳಿದಳು. "ದೂರದಿಂದ ದಾರ ಗೊತ್ತಾಗಲ್ಲ ಬಿಡಿ. ಇದು ನಿಮಗೆ ಒಪ್ಪುತ್ತೆ."

ಮುಂದಿನ ವಾರ ಹೊಸ ಫೋನಿನ ಬಿಡುಗಡೆ. ಅದನ್ನು ಮಾಡಿದವರ ಪೈಕಿ ಒಬ್ಬರನ್ನು ಕಂಪನಿಯ ಯಜಮಾನರು ವೇದಿಕೆಗೆ ಕರೆದು ಐದು ನಿಮಿಷ ಮಾತಾಡಿಸುವವರಿದ್ದರು. ಊರೆಲ್ಲ ನೋಡುತ್ತದೆ. ಎರಡು ವರ್ಷ ಕಾಣದ ವಸ್ತುವನ್ನು ಮಾಡಿದವನಿಗೆ ಐದೇ ನಿಮಿಷ ಕಾಣಿಸಿಕೊಳ್ಳಬೇಕೆಂಬ ಆಸೆ ಇರುವುದು ತಪ್ಪೇನಲ್ಲ. ಅದರಲ್ಲೂ ಅತ್ತೆ ನೋಡಬೇಕು.

ಆಫೀಸಿನಲ್ಲಿ ಅವನನ್ನು ಎಲ್ಲರೂ ಬೀಗಪ್ಪ ಎನ್ನುತ್ತಿದ್ದರು. ಮೀನು ಮಾಡಿದವನು ಚಿತ್ತಾರ. ಚಿತ್ತಾರನ ಮೇಜಿನ ಸುತ್ತ ಯಾವಾಗಲೂ ಜನ. ಒಬ್ಬರು ಮೀನು ನೋಡಲು ಬಂದರೆ ಇನ್ನೊಬ್ಬರು ಅವನ ಮೂರು ತಿಂಗಳ ಮಗುವಿನ ಫೋಟೋ ನೋಡಲು ಬರುವರು. ಬೀಗಪ್ಪನ ಮೇಜಿಗೆ ಬರುವವರು ಪಾಸ್‌ವರ್ಡ್ ಮರೆತವರು ಮಾತ್ರ. ಅವರೂ ಬೈಯುತ್ತಲೇ ಬರುವರು. ಎರಡು ಮೇಜುಗಳ ನಡುವೆ ಒಂದೂವರೆ ಮೊಳ ದೂರ. ಆ ಒಂದೂವರೆ ಮೊಳದಲ್ಲಿ ಬೀಗಪ್ಪನ ಹೊಟ್ಟೆಕಿಚ್ಚು ಒದ್ದೆ ಸೌದೆಯ ಹಾಗೆ ದಿನವಿಡೀ ಹೊಗೆಯಾಡುತ್ತಿತ್ತು.

ಚಿತ್ತಾರ ಕೆಟ್ಟವನಾಗಿದ್ದರೆ ಎಷ್ಟೋ ನೆಮ್ಮದಿ ಇರುತ್ತಿತ್ತು. ಬೀಗಪ್ಪನ ಮುಖಕ್ಕೆ ಬಿಸಿಲು ಬೀಳುತ್ತದೆಂದು ಕಿಟಕಿಯ ಪರದೆ ಎಳೆಯುವವನೂ ಅವನೇ. ಬಿಸ್ಕತ್ತಿನ ಪೊಟ್ಟಣದಲ್ಲಿ ಕೊನೆಯದನ್ನು ಬೀಗಪ್ಪನಿಗೆಂದು ಉಳಿಸುವವನೂ ಅವನೇ. ತಿನ್ನುವಾಗಲೂ ಬೀಗಪ್ಪನಿಗೆ ಸಂಕಟ: ಬಿಸ್ಕತ್ತು ರುಚಿಯಾಗಿಯೇ ಇರುತ್ತಿತ್ತು.

ಅಂದು ಹನ್ನೊಂದು ಗಂಟೆಗೆ ಯಜಮಾನರು ಹೊರಗೆ ಹೊರಟವರು ಚಿತ್ತಾರನ ಮೇಜಿನ ಬಳಿ ನಿಂತರು. ದನಿ ತಗ್ಗಿಸಿದರು. ಬೀಗಪ್ಪ ಕಿವಿ ಹಿಗ್ಗಿಸಿದ.

"ಮೂರೂವರೆಗೆ ಫೋನ್ ಮಾಡ್ತೀನಿ. ಎತ್ತು ಮಾರಾಯ. ವೇದಿಕೆ ವಿಷಯ. ಫೋಟೋ ತೆಗೆಯೋನು ನಾಲ್ಕೂಕಾಲಿಗೆ ಹೊರಟುಹೋಗ್ತಾನೆ. ಅಲ್ಲೀವರೆಗೆ ಯಾರಿಗೂ ಹೇಳಬೇಡ."

"ಆಗಲಿ ಸರ್. ನೀವು ಹೂಂ ಅಂದ್ರೆ ಸಾಕು," ಎಂದು ಚಿತ್ತಾರ ಮುಖವರಳಿಸಿದ.

ಅಷ್ಟರಲ್ಲಿ ಹಿಂದಿನಿಂದ ತಪ್ಪಕ್ಕನ ದನಿ ಬಂತು. ಬೇರೆಯವರು ಫೋನಿನಲ್ಲಿ ಮಾಡಿದ್ದರಲ್ಲೆಲ್ಲ ತಪ್ಪು ಹುಡುಕುವುದು ಆಕೆಯ ಉದ್ಯೋಗ. ಅದಕ್ಕೇ ಆ ಹೆಸರು. ಸಂಬಳ ಕೊಡದೇ ಹೋಗಿದ್ದರೂ ಆಕೆ ಅದನ್ನು ಮಾಡುತ್ತಿದ್ದಳು.

"ಕೇಳಿಸ್ತಾ ಬೀಗಪ್ಪನವರೇ? ಮೀನು ನುಂಗಿಹಾಕ್ತು ನಿಮ್ಮನ್ನ. ಹೊಸ ಅಂಗಿ ಬೇರೆ ಹಾಕ್ಕೊಂಡು ಬಂದಿದ್ದೀರಿ, ಪಾಪ."

"ಹೊಸದಲ್ಲ," ಎಂದ ಬೀಗಪ್ಪ.

"ಹೌದೌದು, ಗುಂಡಿ ದಾರ ನೋಡಿದ್ರೇ ಗೊತ್ತಾಗುತ್ತೆ."

ಮಧ್ಯಾಹ್ನದವರೆಗೆ ಬೀಗಪ್ಪ ಒಂದು ಸಾಲೂ ಬರೆಯಲಿಲ್ಲ. ಊಟವಾದ ಮೇಲೆ ಚಿತ್ತಾರ ಆಕಳಿಸುತ್ತ ಎದ್ದ. ಮಗು ರಾತ್ರಿಯಿಡೀ ಎಬ್ಬಿಸುವುದರಿಂದ, ಹಳೆಯ ಪೆಟ್ಟಿಗೆಗಳನ್ನಿಡುವ ಕೋಣೆಯಲ್ಲಿ ಎರಡು ಕುರ್ಚಿ ಜೋಡಿಸಿ ಒಂದು ಗಳಿಗೆ ಮಲಗುವುದು ಅವನ ರೂಢಿ. "ಮೂರು ಇಪ್ಪತ್ತಕ್ಕೆ ಅಲಾರಂ ಇಟ್ಟಿದ್ದೀನಿ. ಇವತ್ತು ಮಾತ್ರ ಮೈಮರೆಯೋ ಹಾಗಿಲ್ಲ," ಎಂದು ಬೀಗಪ್ಪನಿಗೇ ಹೇಳಿ ಹೋದ.

ಅಲಾರಂ ಎಂಬ ಮಾತು ಕಿವಿಗೆ ಬಿದ್ದದ್ದೇ ಬೀಗಪ್ಪನ ತಲೆಯಲ್ಲಿ ಒಂದು ದೀಪ ಹೊತ್ತಿಕೊಂಡಿತು. ಒಳ್ಳೆಯ ದೀಪವಲ್ಲ.

ಅವನ ಬೀಗದಲ್ಲೊಂದು ಕೊರತೆ ಇತ್ತು. ಫೋನು ಸುಮ್ಮನೆ ಬೀಗ ಬಿದ್ದು ಕೂತಿದ್ದರೆ ಕರೆ ಬರುತ್ತದೆ, ಅಲಾರಂ ಹೊಡೆಯುತ್ತದೆ. ಆದರೆ ಒಮ್ಮೆ ಪೂರ್ತಿ ಆರಿಸಿ ಮತ್ತೆ ಹೊತ್ತಿಸಿದರೆ, ಫೋನಿನ ಒಡೆಯ ಪಾಸ್‌ವರ್ಡ್ ಹಾಕುವವರೆಗೆ ಒಳಗಿರುವುದೆಲ್ಲ ಪುಡಿಯೇ. ಅಲಾರಂ ಎಷ್ಟು ಹೊತ್ತಿಗೆ ಎಂಬುದೂ ಪುಡಿ. ಕರೆ ಬಂದರೂ ಗಂಟೆ ಹೊಡೆಯದು. ಫೋನು ಕಲ್ಲು. ಇದು ಗೊತ್ತಿದ್ದದ್ದು ಬೀಗಪ್ಪನೊಬ್ಬನಿಗೆ. 'ಆಮೇಲೆ ನೋಡೋಣ' ಎಂದು ಒಂದು ಚೀಟಿಯಲ್ಲಿ ಬರೆದು ಮೇಜಿನ ಡ್ರಾಯರಿನ ತಳದಲ್ಲಿ ಹಾಕಿದ್ದ. ತಪ್ಪಕ್ಕನ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಮೂರು ಗಂಟೆಗೆ ಬೀಗಪ್ಪ ಬೆಕ್ಕಿನಂತೆ ಆ ಕೋಣೆಗೆ ನುಸುಳಿದ. ಚಿತ್ತಾರ ಬಾಯಿ ತೆರೆದು ಮಲಗಿದ್ದ. ಭುಜದ ಮೇಲೆ ಮಗು ಕಕ್ಕಿದ ಹಾಲಿನ ಕಲೆ. ಫೋನು ಎದೆಯ ಮೇಲೆ ದೋಣಿಯ ಹಾಗೆ ಏರುತ್ತ ಇಳಿಯುತ್ತ ಇತ್ತು. ಒಳಗೆ ಮೀನು ಆರಾಮಾಗಿ ತೇಲುತ್ತಿತ್ತು. ಬದಿಯ ಗುಂಡಿ ಒತ್ತಿ ಹಿಡಿದರೆ ಅದು ಆರಿ, ತುಸು ಹೊತ್ತಿಗೆ ತಾನೇ ಹೊತ್ತಿಕೊಳ್ಳುತ್ತಿತ್ತು; ಬೀಗಪ್ಪ ಒತ್ತಿ ಹಿಡಿದ. ಫೋನು ಒಮ್ಮೆ ಗುರ್ರೆಂದು ನಡುಗಿ ಆರಿತು.

ಚಿತ್ತಾರ ನಿದ್ದೆಗಣ್ಣಿನಲ್ಲೇ ಬೀಗಪ್ಪನ ಕೈ ಗಪ್ಪನೆ ಹಿಡಿದುಕೊಂಡ. "ಅಳಬೇಡ ಕಂದಾ... ಅಪ್ಪ ಇಲ್ಲೇ ಇದ್ದೀನಿ..." ಎಂದು ಅದನ್ನು ಎದೆಗೊತ್ತಿ ತಟ್ಟತೊಡಗಿದ.

ಬೀಗಪ್ಪ ಬಿಲ್ಲಿನಂತೆ ಬಾಗಿ ನಿಂತ. ಕೈ ಎಳೆದರೆ ಇವನು ಏಳುತ್ತಾನೆ. ಎಳೆಯದಿದ್ದರೆ ಬೆನ್ನು ಮುರಿಯುತ್ತದೆ. ಬೇರೆ ದಾರಿ ಕಾಣದೆ ಇನ್ನೊಂದು ಕೈಯಿಂದ ಅವನ ಭುಜ ತಟ್ಟಿದ. "ಜೋ... ಜೋ..."

ಬಾಗಿಲಲ್ಲಿ ಲೋಟಗಳ ಸದ್ದು. ಚಹಾದಜ್ಜ ತಟ್ಟೆ ಹಿಡಿದು ನಿಂತಿದ್ದ. ಆ ದೃಶ್ಯ ನೋಡಿ ಅವನ ಕಣ್ಣು ತುಂಬಿಬಂತು.

"ಆಹಾ! ಒಡಹುಟ್ಟಿದವರೂ ಹೀಗೆ ಮಾಡಲ್ಲ ಸಾಮಿ," ಎಂದು ಪಿಸುಗುಟ್ಟಿದ. "ಎಂಥಾ ಮನಸ್ಸು ನಿಮ್ದು! ನಾನು ನಿಮ್ಮನ್ನ ಸಿಡುಕ ಅಂದ್ಕೊಂಡಿದ್ದೆ, ತಪ್ಪಾಯ್ತು." ತನಗೆಂದು ಬಸಿದುಕೊಂಡಿದ್ದ ಗಟ್ಟಿ ಚಹಾದ ಲೋಟವನ್ನು ಅಲ್ಲೇ ಪೆಟ್ಟಿಗೆಯ ಮೇಲಿಟ್ಟು, ಸದ್ದಾಗದಂತೆ ಹಿಂದೆ ಸರಿದ.

ಚಿತ್ತಾರನ ಹಿಡಿತ ಸಡಿಲವಾಯಿತು. ಬೀಗಪ್ಪ ಆ ಚಹಾ ಕುಡಿದ. ಸಕ್ಕರೆ ಒಂದು ಚಮಚ ಹೆಚ್ಚೇ ಇತ್ತು. ಎಬ್ಬಿಸಿಬಿಡಲೇ ಎಂದುಕೊಂಡು ಕೈ ಚಾಚಿದ. ಆಗಲೇ ಫೋನು ಮತ್ತೆ ಹೊತ್ತಿಕೊಂಡಿತು. ಮೀನಿಲ್ಲ, ನೀರಿಲ್ಲ. ಬಿಳಿಯ ಗಾಜಿನ ನಡುವೆ ಪಾಸ್‌ವರ್ಡ್ ಕೇಳುವ ಬೋಳು ಚೌಕ ಒಂದೇ. ಅದು ಬೀಗಪ್ಪನದು. ಅವನು ಮಾಡಿದ್ದು ಕಣ್ಣಿಗೆ ಕಾಣುವ ಜಾಗ ಇಡೀ ಫೋನಿನಲ್ಲಿ ಇದೊಂದೇ. ಎಷ್ಟು ಚೆನ್ನಾಗಿದೆ ಎಂದುಕೊಂಡು ಅದನ್ನು ಮನಸಾರೆ ನೋಡಿ, ಬಾಗಿಲು ಮುಂದೆ ಮಾಡಿಕೊಂಡು ಬಂದ.

ಮೂರು ಇಪ್ಪತ್ತು ಆಯಿತು. ಅಲಾರಂ ಇಲ್ಲ. ಮೂರೂವರೆ, ಮೂರು ನಲವತ್ತು. ಕೋಣೆ ನಿಶ್ಶಬ್ದ. ಬೀಗಪ್ಪ ಗಡಿಯಾರದ ಮುಳ್ಳಿಗೆ ಜೋತುಬಿದ್ದವನಂತೆ ಕೂತಿದ್ದ. ಮೂರು ಮುಕ್ಕಾಲಿಗೆ ತಪ್ಪಕ್ಕನ ಫೋನು ಕಿರುಚಿಕೊಂಡಿತು.

"ಹಾಂ ಸರ್... ಎತ್ತುತ್ತಿಲ್ವಾ?... ಆರು ಸಲ ಮಾಡಿದ್ರಾ?... ಇಲ್ಲೇ ಎಲ್ಲೋ ಇರ್ತಾನೆ ಸರ್, ಈಗ್ಲೇ ಎಳ್ಕೊಂಡು ಬರ್ತೀನಿ."

ಐದೇ ನಿಮಿಷದಲ್ಲಿ ಕೋಣೆಯ ತುಂಬ ಜನ. ಚಿತ್ತಾರ ತಲೆ ಕೆದರಿಕೊಂಡು ಎದ್ದು ಕೂತು, ಫೋನು ನೋಡಿ ಕಣ್ಣುಜ್ಜಿದ. ಪಾಸ್‌ವರ್ಡ್ ಹಾಕಿದ್ದೇ ತಡ, ಅಲ್ಲಿಯವರೆಗೆ ಸತ್ತಂತಿದ್ದ ಫೋನು ಎದ್ದು ಅಲಾರಂ ಬಡಿದುಕೊಂಡಿತು. ಅದೇ ಹೊತ್ತಿಗೆ ಯಜಮಾನರು ಏದುಸಿರು ಬಿಡುತ್ತ ಒಳಬಂದರು.

"ಏನಯ್ಯಾ ಇದು! ಎತ್ತು ಅಂತ ಹೇಳಿರ್ಲಿಲ್ವಾ?"

"ಸರ್, ಅಲಾರಂ ಇಟ್ಟಿದ್ದೆ, ದೇವರಾಣೆ. ಫೋನು ತಾನಾಗೇ ಆರಿ ಹೊತ್ತಿಕೊಂಡ ಹಾಗಿದೆ..."

"ಕೊಡಿಲ್ಲಿ," ಎಂದು ತಪ್ಪಕ್ಕ ಅದನ್ನು ಕಿತ್ತುಕೊಂಡಳು. ಆರಿಸಿದಳು, ಹೊತ್ತಿಸಿದಳು, ತನ್ನ ಫೋನಿನಿಂದ ಕರೆ ಮಾಡಿದಳು. ಮೌನ. ಮತ್ತೊಬ್ಬರ ಫೋನು ತೆಗೆದುಕೊಂಡು ಹಾಗೇ ಮಾಡಿದಳು. ಮೌನ. ಆಕೆಯ ಮುಖ ನಿಧಿ ಸಿಕ್ಕವರ ಮುಖದ ಹಾಗಾಯಿತು.

"ಸರ್! ಆರಿಸಿ ಹಚ್ಚಿದ್ರೆ ಪಾಸ್‌ವರ್ಡ್ ಹಾಕೋವರೆಗೂ ಫೋನು ಕಿವುಡು! ಇದನ್ನ ಅಂಗಡಿಗೆ ಕಳಿಸಿದ್ರೆ, ಬಸ್ಸು ಹಿಡಿಯೋರು ಏಳಲ್ಲ, ಡಾಕ್ಟರಿಗೆ ಕರೆ ಮುಟ್ಟಲ್ಲ. ನಮ್ಮನ್ನ ಬೀದಿಲಿ ಅಟ್ಟಿಸಿಕೊಂಡು ಹೊಡೀತಿದ್ರು!"

ಯಜಮಾನರು ಕುರ್ಚಿಯ ಮೇಲೆ ಕುಸಿದು ಕೂತರು. ಹಣೆ ಒರೆಸಿಕೊಂಡು ಜೋರಾಗಿ ನಕ್ಕರು. "ಚಿತ್ತಾರಾ, ಒಳ್ಳೆ ಕೆಲಸ ಮಾಡ್ದೆ ಕಣಯ್ಯ, ಮಲಗಿ! ಎರಡು ವರ್ಷ ಎಚ್ಚರ ಇದ್ದೋರ್ಯಾರಿಗೂ ಕಾಣದೇ ಇದ್ದದ್ದು ನಿನ್ನ ನಿದ್ದೆಗೆ ಕಾಣಿಸ್ತು."

ಎಲ್ಲರೂ ಚಪ್ಪಾಳೆ ತಟ್ಟಿದರು. ಬೀಗಪ್ಪನೂ ತಟ್ಟಿದ. ತಟ್ಟದೆ ಏನು ಮಾಡುತ್ತಾನೆ?

ಆಮೇಲೆ ಯಜಮಾನರು ಅವನತ್ತ ತಿರುಗಿದರು. ದನಿ ಮೆತ್ತಗಾಗಿತ್ತು.

"ಬೀಗಪ್ಪ, ನಿನಗೆ ಹೇಳೋಕೇ ಬೇಜಾರು. ಈ ಹುಡುಗ ಒಂದು ವಾರದಿಂದ ನನ್ನ ತಲೆ ತಿಂತಿದ್ದ. 'ಮೀನು ಹೇಗೂ ಎಲ್ಲರಿಗೂ ಕಾಣುತ್ತೆ ಸರ್, ಬೀಗ ಮಾಡಿದವರು ಒಂದು ಸಲನಾದ್ರೂ ಕಾಣಲಿ, ಅವರನ್ನೇ ವೇದಿಕೆಗೆ ಕರೀರಿ' ಅಂತ. ನಾನು ಹೂಂ ಅನ್ನೋಕೇ ಇವತ್ತು ಫೋನ್ ಮಾಡಿದ್ದು. ನಿನಗೆ ನೇರವಾಗಿ ಹೇಳಿದ್ರೆ ಸಂಕೋಚಪಟ್ಟು ಬೇಡ ಅಂತೀಯ, ಕೈ ಹಿಡಿದು ತಾನೇ ಕರ್ಕೊಂಡು ಬರ್ತೀನಿ ಅಂದಿದ್ದ."

ಬೀಗಪ್ಪ ಪೆಟ್ಟಿಗೆಯ ಮೇಲಿನ ಖಾಲಿ ಚಹಾ ಲೋಟವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

"ಈಗ ಹೇಗಪ್ಪಾ ನಿನ್ನ ವೇದಿಕೆ ಹತ್ತಿಸ್ಲಿ? ಬೀಗದ ವಿಷಯ ಯಾರಾದ್ರೂ ಒಂದು ಪ್ರಶ್ನೆ ಕೇಳಿದ್ರೆ? ನೀನು ಒಂದು ವಾರ ಇಲ್ಲೇ ಕೂತು ಇದನ್ನ ಸರಿಮಾಡು. ವೇದಿಕೆಗೆ ಚಿತ್ತಾರ ಹೋಗ್ಲಿ."

"ಸರ್, ನಾನು ಬೇಡ..." ಎಂದ ಚಿತ್ತಾರನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಹೊತ್ತಿಲ್ಲ. ಫೋಟೋದವನು ಕಾಯ್ತಿದ್ದಾನೆ. ಅಯ್ಯೋ, ನಿನ್ನ ಅಂಗಿ ನೋಡು!"

ಹಾಲಿನ ಕಲೆ ಭುಜದಿಂದ ಜೇಬಿನವರೆಗೆ ಇಳಿದಿತ್ತು. ಎಲ್ಲರ ಕಣ್ಣೂ ಕೋಣೆಯಲ್ಲಿ ಒಮ್ಮೆ ಸುತ್ತಿ ಬಂದು ಬೀಗಪ್ಪನ ನೀಲಿ ಅಂಗಿಯ ಮೇಲೆ ನಿಂತವು.

"ಕೊಡ್ತಾರೆ ಬಿಡಿ," ಎಂದ ಬಾಗಿಲಲ್ಲಿದ್ದ ಚಹಾದಜ್ಜ. "ಅವರ ಮನಸ್ಸು ನನಗೆ ಗೊತ್ತು. ಆಗ ಇಲ್ಲೇ ಬಂದು ಆಯಪ್ಪನ್ನ ಜೋಗುಳ ಹಾಡಿ ತಟ್ತಾ ಇದ್ರು."

ತಪ್ಪಕ್ಕನ ಹುಬ್ಬು ಮೇಲೇರಿತು. "ಯಾವಾಗ ಅಜ್ಜ?" ಎಂದು ಬಾಯಿ ತೆರೆಯುವಷ್ಟರಲ್ಲಿ ಬೀಗಪ್ಪ ಅಂಗಿಯ ಗುಂಡಿಗಳನ್ನು ಪಟಪಟನೆ ಬಿಚ್ಚತೊಡಗಿದ್ದ. ಅಷ್ಟು ಬೇಗ ಅವನು ಯಾವ ಕೆಲಸವನ್ನೂ ಮಾಡಿದ್ದನ್ನು ಆಫೀಸು ನೋಡಿರಲಿಲ್ಲ.

ಚಿತ್ತಾರ ಅವನ ಕೈ ಹಿಡಿದುಕೊಂಡ. "ಮನೇಲಿ ನಾನು ತಟ್ಟೋನು. ನನ್ನನ್ನ ಯಾರೂ ತಟ್ಟಿ ಎಷ್ಟೋ ವರ್ಷ ಆಗಿತ್ತು ಅಣ್ಣಾ," ಎಂದ. ಆ ಮಾತಿಗಿಂತ ಎರಡೇಟು ಬಿದ್ದಿದ್ದರೆ ಬೀಗಪ್ಪನಿಗೆ ಹಗುರವಾಗುತ್ತಿತ್ತು.

ಸಂಜೆ ಅವನು ಹಾಲಿನ ವಾಸನೆಯ, ತೋಳು ಗಿಡ್ಡನೆಯ ಅಂಗಿ ತೊಟ್ಟು ಮನೆಗೆ ಬಂದ. ಹೆಂಡತಿ ಮುಖ ನೋಡಿದಳು, ಅಂಗಿ ನೋಡಿದಳು. "ಬಿಚ್ಚಿ ಕೊಡಿ. ಈಗಲೇ ನೆನೆ ಹಾಕಿದ್ರೆ ಕಲೆ ಹೋಗುತ್ತೆ," ಎಂದಷ್ಟೇ ಅಂದಳು.

ಅಷ್ಟರಲ್ಲಿ ಅತ್ತೆಯ ಕೈಯಲ್ಲಿದ್ದ ಅವನ ಫೋನಿಗೆ ಆಫೀಸಿನಿಂದ ಫೋಟೋ ಬಂತು. ವೇದಿಕೆಯ ಹಿಂದೆ ಹಾಕಲು ಆಳೆತ್ತರದ ಚಿತ್ರ. ಅತ್ತೆ ಕನ್ನಡಕ ಮೇಲಕ್ಕೇರಿಸಿದರು.

"ಮೀನಿನ ಹುಡುಗ ಇವನೇನಾ? ಎಷ್ಟು ಲಕ್ಷಣವಾಗಿದ್ದಾನೆ! ಅಂಗಿಯಂತೂ ಎಷ್ಟು ಒಪ್ಪುತ್ತೆ ನೋಡಿ... ಅಯ್ಯೋ, ಎದೆ ಗುಂಡಿಗೆ ಬಿಳಿ ದಾರ! ಇದು ನಮ್ಮ ಮನೆ ಅಂಗಿ ಅಲ್ವೇನೇ?"

"ನಂದೇ ಅತ್ತೆ," ಎಂದ ಬೀಗಪ್ಪ, ಒಳಗಿನಿಂದ.

ಅತ್ತೆ ಫೋಟೋವನ್ನು ಹಿಗ್ಗಿಸಿ, ಮೂಲೆ ಮೂಲೆಗಳನ್ನೆಲ್ಲ ಸವರಿ ನೋಡಿದರು.

"ಹಾಗಾದ್ರೆ ನೀವೆಲ್ಲಿ ಅಳಿಯಂದಿರೇ? ಕಾಣೋದೇ ಇಲ್ವಲ್ಲ?"

ಕಾದು ಕಾದು ಫೋನಿಗೆ ತಾನಾಗಿ ಬೀಗ ಬಿತ್ತು. ಕೆಂಪು ಮೀನು ಮೆಲ್ಲನೆ ತಿರುಗಿ ಬಂದು, ಯಾರಪ್ಪಾ ಅದು ಎನ್ನುವಂತೆ ನೋಡಿತು.