ಮಲ್ಲೇಶ್ವರಕ್ಕೆ ಹೊರಟ ಕಾರಿನ ಹೊಟ್ಟೆ

ಈ ಸಲದ ಆಯುಧಪೂಜೆಯ ಬೆಳಿಗ್ಗೆ ಎನ್.ಆರ್. ಕಾಲೋನಿಯ ತಮ್ಮ ಮನೆಯ ಮುಂದೆ ನನ್ನ ಸೋದರಮಾವ ಹಳೆಯ ಚಾಪೆ ಹಾಸಿಕೊಂಡು, ಕಾರಿನ ಕೆಳಗೆ ಅಂಗಾತ ಮಲಗಿ, ಅದರ ಹೊಟ್ಟೆಗೆ ಕುಂಕುಮ ಹಚ್ಚಿದರು. ಬಾನೆಟ್ಟಿಗೆ ಹಾರವಿರಲಿಲ್ಲ. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಎದುರುಮನೆಯವರು ಮಂಗಳಾರತಿ ಅರ್ಧಕ್ಕೆ ಬಿಟ್ಟು ಓಡಿಬಂದು, ಕಾರು ಯಾರ ಮೇಲೆ ಹತ್ತಿತು ಎಂದು ವಿಚಾರಿಸಿದರು.

"ಒದೆ ತಿನ್ನೋದು ಹೊಟ್ಟೆ. ಹಾರ ಮಾತ್ರ ಮೂತಿಗಾ?" ಎಂದು ಕೆಳಗಿನಿಂದ ಉತ್ತರ ಬಂತು.

ಕಾರನ್ನು ಮೇಲಿನಿಂದ ನೋಡುವವರು ಊರಿನ ತುಂಬ ಇದ್ದಾರೆ. ಕೆಳಗಿನಿಂದಲೇ ನೋಡುವವರು, ಮೆಕ್ಯಾನಿಕ್ಕುಗಳನ್ನು ಬಿಟ್ಟರೆ, ನನಗೆ ತಿಳಿದಂತೆ ನಮ್ಮ ಮಾವ ಒಬ್ಬರೇ! ಅವರೇನು ಕಾಡುಮೇಡು ಅಲೆದವರೇ? ಕಾರಿನಲ್ಲಿ ಹೊಳೆ ದಾಟಿದವರೇ? ಗಾಂಧಿ ಬಜಾರಿನ ಆಚೆ ಹೋಗಬೇಕೆಂದರೆ ನೀರಿನ ಬಾಟಲಿ ತುಂಬಿಸಿಕೊಳ್ಳುವ ನಿವೃತ್ತ ಭೂಗೋಳ ಮೇಷ್ಟ್ರು. ಅವರ ಪ್ರಕಾರ ಬೆಂಗಳೂರಿನಲ್ಲಿ ಇರುವುದು ರಸ್ತೆಗಳಲ್ಲ, ಭೂಸ್ವರೂಪಗಳು.

ಇದೆಲ್ಲ ಶುರುವಾದದ್ದು ಜೂನ್ ತಿಂಗಳ ಮಳೆಯಲ್ಲಿ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ, ತಮ್ಮ ಮಗಳ ಮನೆಯಲ್ಲಿ, ನಮ್ಮ ಅತ್ತೆಯ ಅಕ್ಕ ಹಾಸಿಗೆ ಹಿಡಿದಿದ್ದರು. ಅವರಿಗೆ ಮರೆವು, ಒಬ್ಬೊಬ್ಬರ ಹೆಸರೇ ಬಿಟ್ಟುಹೋಗುತ್ತಿತ್ತು. ತಂಗಿಯ ಹೆಸರು ಇನ್ನೂ ಉಳಿದಿತ್ತು. ಅದು ಹೋಗುವ ಮೊದಲು ಒಮ್ಮೆ ಅಕ್ಕನ ಎದುರು ಕೂರಬೇಕು ಎಂಬುದು ಅತ್ತೆಯ ಆಸೆ. ಅತ್ತೆಗೆ ಸೊಂಟದ ಆಪರೇಷನ್ ಆಗಿತ್ತು. ಆದರೂ ಅವತ್ತು ಇಬ್ಬರೂ ಹೊರಟರು. ನೀರು ನಿಂತಿದ್ದ ಕಡೆ, ಎದ್ದು ನಿಂತಿದ್ದ ಮ್ಯಾನ್‌ಹೋಲ್ ಮುಚ್ಚಳವೊಂದು ಕಾರಿನ ತಳಕ್ಕೆ ಬಡಿಯಿತು. ಎಂಜಿನ್ನಿನ ಎಣ್ಣೆ ಇರುವ ಚೇಂಬರ್ ಒಡೆದು ಎಣ್ಣೆಯೆಲ್ಲ ರಸ್ತೆಪಾಲಾಯಿತು. ಎಳೆದೊಯ್ಯುವ ಗಾಡಿ ಬರುವವರೆಗೆ ಅತ್ತೆ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಸೊಂಟ ಹಿಡಿದುಕೊಂಡು ನೆನೆಯುತ್ತ ಕೂತಿದ್ದರು. ಅಲ್ಲಿಂದಲೇ ಮನೆಗೆ ವಾಪಸ್. ಮಾವ ಅವತ್ತು ಊಟ ಮಾಡಲಿಲ್ಲ.

ಕಾರು ರಿಪೇರಿಯಾದ ಮೇಲೆ ಚೇಂಬರಿಗೆ ಅಡ್ಡಲಾಗಿ ಕಬ್ಬಿಣದ ತಗಡು ಹಾಕಿಸಲು ಚಾಮರಾಜಪೇಟೆಯ ಗ್ಯಾರೇಜಿಗೆ ಹೋದರು. ನಾನೂ ಜೊತೆಗಿದ್ದೆ. ತೋರಿಸಿದ್ದೆಲ್ಲ ತೆಳುವೆಂದು ತಳ್ಳಿಹಾಕಿ, ಮೂಲೆಯಲ್ಲಿ ಚರಂಡಿ ಮುಚ್ಚಲು ಇಟ್ಟಿದ್ದ ಪ್ಲೇಟನ್ನೇ ಆರಿಸಿದರು.

"ಸರ್, ಯಾವ ಕಾಡಿಗೆ ಹೋಗ್ತಿದೀರ?" ಎಂದ ಮೆಕ್ಯಾನಿಕ್.

"ಮಲ್ಲೇಶ್ವರಕ್ಕೆ."

ಪ್ಲೇಟಿನ ಭಾರಕ್ಕೆ ಕಾರು ತಗ್ಗಿತು. ಮೊದಲು ಸಲೀಸಾಗಿ ದಾಟುತ್ತಿದ್ದ ಬೀದಿಯ ಹಂಪಿನ ಮೇಲೆ, ಮನೆಯಿಂದ ಹೊರಟು ನಾಲ್ಕು ಮನೆ ದಾಟುವಷ್ಟರಲ್ಲಿ, ಹೊಟ್ಟೆ ಊರಿ ಕೂತುಬಿಟ್ಟಿತು! ಆ ಸದ್ದಿಗೆ ಮೊದಲು ನಾಯಿಗಳು, ಆಮೇಲೆ ನೆರೆಯವರು ಹೊರಗೆ ಬಂದರು. ಅತ್ತೆಯನ್ನು ಇಳಿಸಿ, ಎಲ್ಲರೂ ಸೇರಿ ಕಾರನ್ನು ಹಿಂದಕ್ಕೆ ತಳ್ಳಿದೆವು. ಪ್ಲೇಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮಾವ ಅದನ್ನು ಯಶಸ್ಸೆಂದೇ ಪರಿಗಣಿಸಿದರು.

ಮುಂದಿನ ಕ್ರಮವಾಗಿ ಸ್ಪ್ರಿಂಗುಗಳ ನಡುವೆ ದಪ್ಪ ರಬ್ಬರ್ ತುರುಕಿಸಿ ಕಾರನ್ನು ಎತ್ತರಿಸಿದರು. ಈಗ ಕಾರಿಗೆ ಹಂಪು ಹತ್ತಲು ಬರುತ್ತಿತ್ತು. ಅತ್ತೆಗೆ ಕಾರು ಹತ್ತಲು ಬರುತ್ತಿರಲಿಲ್ಲ. ಮಾವ ಅಡುಗೆಮನೆಯ ಸ್ಟೂಲು ತಂದಿಟ್ಟರು. ಅತ್ತೆ ಒಮ್ಮೆ ಸ್ಟೂಲನ್ನೂ ಒಮ್ಮೆ ಗಂಡನನ್ನೂ ನೋಡಿ, "ಇದರ ಬದ್ಲು ಒಂದು ಆನೇನೇ ತಂದಿದ್ರೆ ಆಗ್ತಿತ್ತು. ಅದು ಹತ್ತಿಸ್ಕೊಳ್ಳೋವಾಗ ಕೂತಾದ್ರೂ ಕೂತ್ಕೊಳ್ಳುತ್ತೆ" ಎಂದು ಒಳಗೆ ಹೋದರು.

ಟ್ಯಾಕ್ಸಿ ಕರೆಸಬಹುದಿತ್ತಲ್ಲ? ಕರೆಸಿದ್ದೆವು. ಎರಡನೇ ಗುಂಡಿಗೆ ಅತ್ತೆ ಕೂಗಿಕೊಂಡರು, ಅಲ್ಲಿಂದಲೇ ತಿರುಗಿಸಿದೆವು. ಮೆಟ್ರೊ? ನಾನೂ ಅದನ್ನೇ ಕೇಳಿದೆ.

"ಸ್ಟೇಷನ್‌ವರೆಗೂ ಇರೋದೇನು ಕಣೋ, ಆಕಾಶಾನಾ?" ಎಂದರು ಮಾವ.

ಕೊನೆಗೆ ಗುಂಡಿಗಳನ್ನೇ ಕಲಿತುಬಿಡುವುದೆಂದು ತೀರ್ಮಾನಿಸಿ ಬೆಳಗಿನ ಹೊತ್ತು ಮಲ್ಲೇಶ್ವರದವರೆಗೆ ನಡೆಯತೊಡಗಿದರು. ಯಾವ ಮರದ ಮುಂದೆ ಎಡಕ್ಕೆ ಸರಿಯಬೇಕು, ಯಾವ ಬೇಕರಿ ಬಳಿ ಬಲಕ್ಕೆ, ಎಲ್ಲ ಬಾಯಿಪಾಠವಾಯಿತು. ಊಟಕ್ಕೆ ಕೂತರೆ ಸಾರಿನಿಂದ ಮಜ್ಜಿಗೆಯವರೆಗೆ ಅದೇ ಪಾಠ ಒಪ್ಪಿಸುವುದು. ಕಾರು ಹೊರಡಿಸುವ ವಾರವೇ ಪೈಪು ಹಾಕಲು ಯಾರೋ ರಸ್ತೆ ಅಗೆದರು. ಹಳೆಯ ಗುಂಡಿಗಳು ಮುಚ್ಚಿದವು, ಬೇರೆ ಕಡೆ ಹೊಸವು ಬಂದವು.

"ಪಠ್ಯ ಬದಲಾಯ್ತು ಕಣೋ" ಎಂದರು ಮಾವ. ದನಿಯಲ್ಲಿ ತಮಾಷೆ ಇರಲಿಲ್ಲ.

ಇತ್ತ ಫೋನಿನಲ್ಲಿ ಅಕ್ಕ ಮೊದಮೊದಲು ತಂಗಿಯ ಹೆಸರು ಹಿಡಿದು, ಯಾವಾಗ ಬರ್ತೀಯೇ ಎಂದು ಕೇಳುತ್ತಿದ್ದರು. ಗಣೇಶನ ಹಬ್ಬದ ಹೊತ್ತಿಗೆ, ಯಾರು ಮಾತಾಡ್ತಿರೋದು ಎನ್ನತೊಡಗಿದರು. ದಸರಾ ಶುರುವಾದ ಮೇಲೆ ಫೋನು ಕಿವಿಗೆ ಹಿಡಿದರೂ ಮಾತಾಡುತ್ತಿರಲಿಲ್ಲ. ಮಾವ ಆಗ ಇನ್ನೂ ದಪ್ಪದ ಒಂದು ಪ್ಲೇಟಿನ ಬಗ್ಗೆ ವಿಚಾರಿಸುತ್ತಿದ್ದರು.

ಆಯುಧಪೂಜೆಯ ಹಿಂದಿನ ದಿನ ಅತ್ತೆ ಅವರನ್ನು ಕರೆದು ಕೂರಿಸಿಕೊಂಡರು.

"ಕಾರನ್ನ ಕಾಪಾಡಿದ್ದು ಸಾಕೂಂದ್ರೆ. ಜೋಡಿಸಿರೋದನ್ನೆಲ್ಲ ಬಿಚ್ಚಿಸ್ಬಿಡಿ. ಒಡೆದ್ರೆ ಒಡೀಲಿ. ನನ್ನ ಅಲ್ಲಿಗೆ ಮುಟ್ಟಿಸಿ."

ಅವತ್ತೇ ಮಾವ ಪ್ಲೇಟು ಬಿಚ್ಚಿಸಿದರು, ರಬ್ಬರನ್ನೂ ತೆಗೆಸಿದರು. ಹೀಗಾಗಿ ಮರುದಿನ ಮಾವ ಮಲಗಿ ಹಚ್ಚಿದ ಕುಂಕುಮವೇ ಆ ಚೇಂಬರಿಗಿದ್ದ ಏಕೈಕ ರಕ್ಷಣೆ.

ವಿಜಯದಶಮಿಯ ದಿನ ಹೊರಟೆವು. ಅತ್ತೆ ಹಿಂದಿನ ಸೀಟಿನಲ್ಲಿ, ಅವರ ಬೆನ್ನಿಗೆ ದಿಂಬು ಹಿಡಿದು ಪಕ್ಕದಲ್ಲಿ ನಾನು. ರಜೆಯ ರಸ್ತೆ ಖಾಲಿ. ಆದರೂ ಮಾವ ನಡಿಗೆಯ ವೇಗ ಮೀರಲಿಲ್ಲ. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ಪೆಟ್ರೋಲ್ ಮುಗೀತಾ ಅಂಕಲ್ ಎಂದು ವಿಚಾರಿಸಿಕೊಂಡು ಹೋದ. ಅತ್ತೆ ನಕ್ಕರು. ಮಾವ ನಗಲಿಲ್ಲ, ಅವರ ಕಣ್ಣು ರಸ್ತೆ ಬಿಟ್ಟು ಕದಲಲಿಲ್ಲ.

ಎಂಟನೇ ಕ್ರಾಸಿಗೆ ತಿರುಗುವಾಗ ತಳಕ್ಕೆ ಏನೋ ಗಟ್ಟಿಯಾಗಿ ತಗುಲಿತು. ಗೇಟಿನ ಮುಂದೆ ನಿಂತಾಗ ಕಾರಿನ ಕೆಳಗಿಂದ ಎಣ್ಣೆ ಇಳಿಯುತ್ತಿತ್ತು. ಮಾವ ಬಗ್ಗಿ ನೋಡಲಿಲ್ಲ. ಅತ್ತೆಯ ಎರಡೂ ಕೈ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿಸಿ, ಒಳಗೆ ಕರೆದೊಯ್ದು ಅಕ್ಕನ ಮಂಚದ ಪಕ್ಕ ಕೂರಿಸಿದರು.

ಅಕ್ಕ ಬಹಳ ಹೊತ್ತು ತಂಗಿಯ ಮುಖ ನೋಡಿದರು. ಆಮೇಲೆ ಹೊರಗಿನವರಿಗೆ ಹೇಳುವ ಮರ್ಯಾದೆಯಲ್ಲಿ, "ದೂರದಿಂದ ಬಂದಿದೀರ. ಊಟ ಮಾಡ್ಕೊಂಡು ಹೋಗಿ" ಎಂದರು.

"ಆಗ್ಲಿ ಅಕ್ಕ" ಎಂದರು ಅತ್ತೆ.

ಅತ್ತೆ ಅವತ್ತಿನಿಂದ ಅಲ್ಲೇ ಇದ್ದಾರೆ. ಕಾರೂ ಅದೇ ಗೇಟಿನ ಮುಂದಿದೆ, ರಿಪೇರಿಯಾಗಿಲ್ಲ. ಮಾವ ದಿನಾ ಬೆಳಿಗ್ಗೆ ಒಬ್ಬರೇ ಮೆಟ್ರೊದಲ್ಲಿ ಮಲ್ಲೇಶ್ವರದ ಸಂಪಿಗೆ ರಸ್ತೆ ಸ್ಟೇಷನ್ನಿಗೆ ಹೋಗಿ ಅತ್ತೆಯನ್ನು ನೋಡಿಕೊಂಡು ಬರುತ್ತಾರೆ. ನಿನ್ನೆ ಅಕ್ಕ ಅವರನ್ನೂ ಊಟಕ್ಕೆ ನಿಲ್ಲಿಸಿಕೊಂಡರು. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಮೂವರೂ ಒಟ್ಟಿಗೆ ಉಂಡರು.