ಇಂಪ್ಲಾಂಟ್ ಕಲಿಯಲು ಮನೆತನ ನೋಡಿದ್ದು

ಹಲ್ಲಿನ ಡಾಕ್ಟರ ಮುಂದೆ ಜನ ಬಾಯಿ ತೆರೆಯುವುದು ಸಹಜ. ಆದರೆ ನಮ್ಮ ಕಡೆಯವರು ಬರೀ ಹಲ್ಲು ತೋರಿಸಿ ಹೋಗುವವರಲ್ಲ, ಅದೇ ಬಾಯಿಂದ ಒಂದು ಮಾತು ಒಗೆದೇ ಹೋಗುತ್ತಾರೆ. ಆ ಮಾತು ಕೇಳಿಯೂ ನಗದೆ ಕೈ ಅಲುಗದಂತೆ ಹಿಡಿದುಕೊಳ್ಳುವುದನ್ನು ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ.

ನಾನಿರುವುದು ಚಿತ್ತಾಪುರದಲ್ಲಿ. ಕೆಲಸ ಸೇಡಂನಲ್ಲಿ, ಒಬ್ಬ ಹಿರಿಯ ಡಾಕ್ಟರ ಕ್ಲಿನಿಕ್ಕಿನಲ್ಲಿ. ಬಿಡಿಎಸ್ ಮುಗಿಸಿ ಮೂರು ವರ್ಷ ಅವರ ಕೈಕೆಳಗೆ ಹಲ್ಲು ಕೀಳುವುದು, ತುಂಬುವುದು, ರೂಟ್ ಕೆನಾಲ್ ಮಾಡುವುದು, ಎಲ್ಲ ನಡೆದಿತ್ತು. ಒಂದು ದಿನ ಅವರೇ ಕರೆದು ಹೇಳಿದರು.

"ನೋಡವಾ, ದವಡಿ ಎಲುಬಿನಾಗ ಸ್ಕ್ರೂ ಹಾಕಿ ಅದರ ಮ್ಯಾಲ ಹಲ್ಲು ಕುಂದ್ರಸೋ ಇಂಪ್ಲಾಂಟ್ ಕೆಲಸ ನನಗ ಬರಂಗಿಲ್ಲ. ಇನ್ನ ಕಲಿಯೋ ವಯಸ್ಸೂ ಅಲ್ಲ. ನೀ ಒಂದು ವರ್ಷ ರೆಸಿಡೆನ್ಸಿ ಮಾಡಿ ಕಲ್ತು ಬಾ. ನಿನ್ನ ಕುರ್ಚಿ ಖಾಲಿ ಇಡ್ತೀನಿ. ಆದ್ರ ಬಂದ ಮ್ಯಾಲ 'ಸರ್, ನಾ ಬರೇ ನೋಡೀನಿ, ಮಾಡಿಲ್ಲ' ಅಂದ್ರ ಆ ಕುರ್ಚಿ ಬ್ಯಾರೆಯವರಿಗೆ."

ಅರ್ಜಿ ಹಾಕಿದೆ. ಎರಡು ಕಡೆಯಿಂದ ಬಾ ಅಂದರು. ಒಂದು ಹೈದರಾಬಾದಿನದು, ಗಾಜಿನ ಕಟ್ಟಡ. ಇನ್ನೊಂದು ಸೊಲ್ಲಾಪುರದ್ದು, ಹಳೇ ವಾಡೆಯಂಥ ಕಟ್ಟಡ. ಎರಡೂ ಒಂದೇ ವರ್ಷದ ಜನರಲ್ ಡೆಂಟಿಸ್ಟ್ರಿ ರೆಸಿಡೆನ್ಸಿ, ಎರಡರಲ್ಲೂ ಇಂಪ್ಲಾಂಟ್ ತರಬೇತಿ ಇದೆ ಎಂದು ಕಾಗದದ ಮೇಲೆ ಬರೆದಿತ್ತು. ಆರಿಸಲು ನನಗಿದ್ದದ್ದು ಹದಿನೈದು ದಿನ.

ರೊಟ್ಟಿಯ ಪರೀಕ್ಷೆ

ನಮ್ಮ ಡಾಕ್ಟರಿಗೆ ಇದ್ದಕ್ಕಿದ್ದಂತೆ ಇಂಪ್ಲಾಂಟಿನ ನೆನಪಾಗಲು ಕಾರಣ ಗುಂಡಗುರ್ತಿಯ ಒಬ್ಬ ಮುತ್ಯಾ, ಬಾಯಲ್ಲಿ ಒಂದೂ ಹಲ್ಲಿಲ್ಲದ ಅಜ್ಜ.

ಮುತ್ಯಾನಿಗೆ ನಾವು ಮೇಲೆ ಕೆಳಗೆ ಪೂರಾ ಹಲ್ಲಿನ ಸೆಟ್ ಮಾಡಿದ್ದೆವು. ಹಾಕಿ ಕನ್ನಡಿ ಕೊಟ್ಟೆ. ಮುತ್ಯಾ ಕನ್ನಡಿ ಪಕ್ಕಕ್ಕಿಟ್ಟು ಹೆಗಲ ಮೇಲಿನ ವಸ್ತ್ರದ ಗಂಟು ಬಿಚ್ಚಿದ. ಒಳಗೆ ಒಂದು ಖಡಕ್ ಜೋಳದ ರೊಟ್ಟಿ.

"ಚಂದ ಕಾಣೋದು ತೊಗೊಂಡು ಏನ್ ಮಾಡ್ಲಿ? ಇದು ಮುರದ್ರ ಖರೆ" ಅಂದ.

"ಮುತ್ಯಾ, ಮೊದಲ ನಾಕ್ ದಿನ ಮೆತ್ತಗಂದು ತಿನ್ನಬೇಕ್ರಿ" ಅಂದೆ. ಅಷ್ಟೊತ್ತಿಗೆ ಕಚ್ಚಿಯೇ ಬಿಟ್ಟಿದ್ದ. ರೊಟ್ಟಿ ಮುರಿಯಲಿಲ್ಲ. ಮುತ್ಯಾ ಕೈ ಹಿಂದಕ್ಕೆ ಎಳೆದಾಗ ಮೇಲಿನ ಸೆಟ್ ಪೂರಾ ರೊಟ್ಟಿಯ ಜೊತೆಗೇ ಬಂತು. ರೊಟ್ಟಿಯ ಅಂಚಿಗೆ ಸಾಲಾಗಿ ಹದಿನಾಲ್ಕು ಹಲ್ಲು.

ಮುತ್ಯಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ನಮ್ಮ ಡಾಕ್ಟರ ಕಡೆ ಹಿಡಿದು, ಇದ್ದ ಅರ್ಧ ಬಾಯಲ್ಲೇ ಅಂದ: "ಸಾಹೇಬ್ರ, ನಾ ರೊಟ್ಟಿ ಕಡೀಬೇಕಂತ ಬಂದಿದ್ದೆ. ಈಗ ರೊಟ್ಟಿನೇ ನನ್ನ ಕಡೀಲಿಕತ್ತದ ನೋಡ್ರಿ."

ಪ್ಯಾಸೆಂಜರ್ ಗಾಡಿಯ ಮತದಾನ

ಚಿತ್ತಾಪುರದಿಂದ ಸೇಡಂಗೆ ನಾನು ದಿನಾ ಹೋಗುವುದು ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ. ಅದರಲ್ಲಿ ಗುಟ್ಟು ಅಂತ ಒಂದು ವಸ್ತು ಇರುವುದಿಲ್ಲ. ಎರಡೂ ಕಡೆಯ ಬಣ್ಣದ ಪುಸ್ತಿಕೆ ತೆಗೆದು ಓದುತ್ತಾ ಕೂತಿದ್ದೆ. ವಾಡಿಯಿಂದ ದಿನಾ ಬರುವ ಶಾಲೆಯ ಟೀಚರಮ್ಮ ಒಬ್ಬರು ಹೈದರಾಬಾದಿನದನ್ನು ಕೈಯಿಂದ ತೆಗೆದುಕೊಂಡೇ ಬಿಟ್ಟರು.

"ಯಾ ಊರ್ದು ಮಾಲ್ ಇದು?"

"ಮಾಲ್ ಅಲ್ರಿ ಟೀಚರ್, ಕಲಿಯೋ ಜಾಗ."

ಪುಸ್ತಿಕೆ ಕೈಯಿಂದ ಕೈಗೆ ಹೋಯಿತು. ಗಾಜಿನ ಲಿಫ್ಟ್ ಇದೆ ಎಂದು ಕಿಟಕಿ ಬದಿಯವರು ಹೈದರಾಬಾದಿಗೆ ಮತ ಹಾಕಿದರು. ಬಾಗಿಲ ಬದಿಯವರೂ ಹಾಕಿದರು. ಸೊಲ್ಲಾಪುರದ ಪುಸ್ತಿಕೆಯಲ್ಲಿ ಫೋಟೊಗಳೇ ಕಡಿಮೆ, ಇದ್ದವುಗಳಲ್ಲೂ ಬರೀ ಬಗ್ಗಿದ ತಲೆಗಳು. ಖರೆ ಹೇಳಬೇಕೆಂದರೆ ನನ್ನ ಮನಸ್ಸೂ ಲಿಫ್ಟಿನಲ್ಲೇ ಹತ್ತಿ ಇಳಿಯುತ್ತಿತ್ತು. ಅಂಥ ಕಟ್ಟಡದ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಊರಲ್ಲಿ ಯಾರು ಏನು ಕೇಳುತ್ತಾರೆ?

ನಾನು ಹಲ್ಲಿನ ಡಾಕ್ಟರ್ ಎಂಬುದು ದಿನದ ಜೊತೆಗಾರರಿಗೆ ಗೊತ್ತಿತ್ತು, ಮತದಾನದ ಗದ್ದಲದಲ್ಲಿ ಇಡೀ ಡಬ್ಬಿಗೇ ಗೊತ್ತಾಯಿತು. ಆಮೇಲೆ ಸೇಡಂ ಬರುವ ತನಕ ಎದುರು ಸೀಟಿನಿಂದ ಒಂದೊಂದೇ ಬಾಯಿ ತೆರೆಯುತ್ತಾ ಹೋಯಿತು. ಅಷ್ಟರಲ್ಲಿ ಟಿಸಿ ಬಂದರು. ನಾನು ಅವಸರದಿಂದ ಬ್ಯಾಗಿನಲ್ಲಿ ಪಾಸ್ ಹುಡುಕುತ್ತಿದ್ದೆ. ಟಿಸಿ ಸಾಹೇಬರು ಆಚೆ ಈಚೆ ನೋಡಿ, ಬಗ್ಗಿ, ಮೆತ್ತಗೆ ಅಂದರು: "ಪಾಸ್ ಇರ್ಲಿ ಬಿಡ್ರಿ ಮೇಡಂ. ಮದ್ಲು ಈ ಹಿಂದಿನ ದವಡಿ ಹಲ್ಲು ಜರಾ ಚೆಕ್ ಮಾಡ್ರಿ."

ಗವಂಡಿಯ ಒಂದೇ ಪ್ರಶ್ನೆ

ಶಹಾಬಾದಿನಿಂದ ಒಬ್ಬ ಗವಂಡಿ ಬಂದಿದ್ದ. ನಲವತ್ತು ವರ್ಷದಿಂದ ಮನೆ ನೆಲಕ್ಕೆ ಫರಸಿ ಕಲ್ಲು ಹಾಸುವ ಮನುಷ್ಯ. ಕೆಳಗಿನ ದವಡೆ ಹಲ್ಲು ಪೂರಾ ಕೆಟ್ಟಿತ್ತು, ಕಿತ್ತೆ. ಅವನಿಗೆ ಸಮಾಧಾನ ಆಗಲೆಂದು ಇಂಪ್ಲಾಂಟಿನ ಬಗ್ಗೆ ನನ್ನ ಪಾಠ ಶುರು ಮಾಡಿದೆ.

"ಎಲುಬಿನಾಗ ಡ್ರಿಲ್ ಹೊಡೀತಾರ್ರಿ ಕಾಕಾ."

"ಹೊಡಿವಾಗ ನೀರು ಬಿಡಬೇಕು. ಇಲ್ಲಾಂದ್ರ ಸುಡತದ" ಅಂದ.

ಹೌದು, ಬಿಡಬೇಕು. ನನಗೆ ಇದು ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಗಿತ್ತು.

"ಆಮ್ಯಾಲ ಸ್ಕ್ರೂ ಕುಂದ್ರಸ್ತಾರ."

"ಕುಂದ್ರಿಸಿದ ಕೂಡ್ಲೇ ಅದರ ಮ್ಯಾಲ ಭಾರ ಹಾಕಬಾರದು. ಸೆಟ್ ಆಗ್ಲಿಕ್ಕ ಬಿಡಬೇಕು."

"ಹೌದ್ರಿ, ಮೂರು ತಿಂಗಳು."

"ನಮ್ದು ಮೂರು ದಿನ. ನಿಮ್ದು ತುಟ್ಟಿ ಕೆಲಸ" ಅಂದು, ಬಾಯೊಳಗಿನ ಹತ್ತಿ ಸರಿಮಾಡಿಕೊಂಡು ಕೇಳಿದ: "ತಂಗಿ, ನೀ ಎಷ್ಟು ಕುಂದ್ರಿಸೀದಿ?"

"ಇನ್ನಾ ಒಂದೂ ಇಲ್ರಿ. ವೀಡಿಯೊ ಭಾಳ ನೋಡೀನಿ. ಹೈದರಾಬಾದಿಗೆ ಕಲಿಲಿಕ್ಕ ಹೊಂಟೀನಿ."

"ಅಲ್ಲಿ ಹೋದ ವರ್ಷ ಕಲ್ತವರು ತಮ್ಮ ಕೈಲೆ ಎಷ್ಟು ಕುಂದ್ರಿಸ್ಯಾರ, ಕೇಳೀದೇನು?"

ಕೇಳಿರಲಿಲ್ಲ. ಪುಸ್ತಿಕೆಯಲ್ಲಿ ಲಿಫ್ಟ್ ನೋಡಿದ್ದೆ, ಲೈಬ್ರರಿ ನೋಡಿದ್ದೆ, ಇದೊಂದನ್ನು ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಡಾಕ್ಟರು ಖಾಲಿ ಇಡುತ್ತೇನೆಂದ ಕುರ್ಚಿ ಕಣ್ಣ ಮುಂದೆ ಬಂತು.

"ಅಲ್ಲಿ ದೊಡ್ಡ ದೊಡ್ಡ ಡಾಕ್ಟರ್ ಮಾಡೋದು ನೋಡಿ ಕಲಿಬಹುದಲ್ರಿ ಕಾಕಾ" ಅಂದೆ, ನನ್ನ ಧೈರ್ಯಕ್ಕೆ.

ಗವಂಡಿ ಎದ್ದು ಚಪ್ಪಲಿ ಹಾಕಿಕೊಂಡ. "ನೋಡಿ ಕಲಿಯೋದಾಗಿದ್ರ ನಮ್ಮ ಎಮ್ಮಿ ಇಷ್ಟೊತ್ತಿಗೆ ಗವಂಡಿ ಆಗತಿತ್ತು, ತಂಗಿ. ಹತ್ತು ವರ್ಷದಿಂದ ನನ್ನ ಎದುರಿಗೇ ನಿಂತು ನೋಡ್ಲಿಕತ್ತದ." ಬಾಗಿಲ ತನಕ ಹೋಗಿ ತಿರುಗಿ, ಹಲ್ಲು ಕಿತ್ತ ಕಡೆ ಬೆರಳು ತೋರಿಸಿದ. "ಈ ಜಾಗ ಖಾಲಿನೇ ಇಟ್ಟಿರ್ತೀನಿ. ನೀ ಕೈಲೆ ಕಲ್ತು ಬಾ."

ದೊಡ್ಡವ್ವನ ವಿಚಾರಣೆ

ಈ ಪ್ರಶ್ನೆ ನಾನೇ ಹೋಗಿ ಕೇಳಿದರೆ ಯಾರು ಖರೆ ಹೇಳುತ್ತಾರೆ? ಮನೆಯಲ್ಲಿ ಅವ್ವನ ಮುಂದೆ ಅಂದೆ. ಅವ್ವ ಎರಡನೇ ಮಾತಾಡದೆ ಚಿಂಚೋಳಿಯಲ್ಲಿರುವ ತನ್ನ ಅಕ್ಕನಿಗೆ ಫೋನ್ ಹಚ್ಚಿದಳು.

ದೊಡ್ಡವ್ವ ಅಂದರೆ ನಮ್ಮ ಬಳಗದ ವಿಚಾರಣಾ ಇಲಾಖೆ. ಯಾರಿಗೆ ವರ ಬಂದರೂ ಮನೆತನ ನೋಡಿ ಬರುವುದು ಅವಳೇ. ಹುಡುಗನ ಮನೆಯ ಮುಂಬಾಗಿಲಿಗೆ ಹೋಗುವುದಿಲ್ಲ. ಹಿಂದಿನ ಓಣಿಯಲ್ಲಿ ಒಂದು ತಂಬಿಗೆ ನೀರು ಕೇಳುತ್ತಾಳೆ. ಆ ನೀರು ಕುಡಿದು ಮುಗಿಯುವಷ್ಟರಲ್ಲಿ ಮೂರು ತಲೆಮಾರಿನ ಸುದ್ದಿ ಹೊರಗೆ ಬಂದಿರುತ್ತದೆ. ಇಂಪ್ಲಾಂಟ್ ಅಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇಬ್ಬರೂ ಕೂಡಿ ಹೈದರಾಬಾದಿಗೆ ಹೋದೆವು. ನನ್ನನ್ನು ಮುಂಬಾಗಿಲಿನಿಂದ ಕರೆದೊಯ್ದರು. ದೊಡ್ಡ ಪರದೆ, ಮೆತ್ತನೆಯ ಕುರ್ಚಿ, ಚಾ ಜೊತೆ ಎರಡು ತರಹದ ಬಿಸ್ಕೀಟು. ಅವರು ಮಾತಾಡಿದ್ದೆಲ್ಲ ಚಂದವೇ ಇತ್ತು. ಲಿಫ್ಟಿನಲ್ಲೂ ಎರಡು ಸಲ ಹತ್ತಿ ಇಳಿದೆ. ಹೊರಗೆ ಬಂದರೆ ದೊಡ್ಡವ್ವ ಕಟ್ಟಡದ ಹಿಂದೆ, ಸಾಮಾನು ತೊಳೆಯುವ ಆಯಾ ಜೊತೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಚಿಂಚೋಳಿಯವರಿಗೆ ತೆಲುಗು ಮನೆಯ ಮಾತೇ.

"ಬ್ಯಾಡ" ಅಂದಳು.

"ಯಾಕ ದೊಡ್ಡವ್ವ? ಎಷ್ಟು ಚಂದ ಅದ."

"ಮನಿ ಚಂದ ಅದ, ಒಲ್ಲೆ ಅನ್ನಂಗಿಲ್ಲ. ಆದ್ರ ಈ ಮನ್ಯಾಗ ಸೊಸಿಗಿ ಒಲಿ ಮುಂದ ಬಿಡಂಗಿಲ್ಲ. ಎಲ್ಲಾ ಅಡಗಿ ದೊಡ್ಡ ಡಾಕ್ಟರೇ ಮಾಡ್ತಾರ. ಕಲಿಯೋರದು ವರ್ಷಪೂರಾ ಬರೇ ಉಗುಳು ಎಳೆಯೋ ನಳಗಿ ಹಿಡಿಯೋ ಕೆಲಸ."

ಡೆಂಟಲ್ ಕೌನ್ಸಿಲ್ಲಿನವರು ಬಂದು ತಪಾಸಣೆ ಮಾಡಿದ್ದರೂ ಇಷ್ಟು ಸ್ಪಷ್ಟವಾಗಿ ಬರೆಯುತ್ತಿರಲಿಲ್ಲ.

ಸಕ್ಕರೆ

ಸೊಲ್ಲಾಪುರದಲ್ಲಿ ದೊಡ್ಡವ್ವನನ್ನು ಹಿಂದೆ ಕೂರಿಸುವ ನನ್ನ ಉಪಾಯ ನಡೆಯಲಿಲ್ಲ. ಹಿಂದಿನ ಬಾಗಿಲೇ ಇರಲಿಲ್ಲ ಆ ಕಟ್ಟಡಕ್ಕೆ. ಹಾಗಾಗಿ ಸೀದಾ ಮುಖ್ಯಸ್ಥರ ಎದುರು ಬಂದು ಕೂತಳು. ಅವರು ಅರವತ್ತು ದಾಟಿದ ಹಲ್ಲಿನ ಡಾಕ್ಟರು, ಅರ್ಧ ಮರಾಠಿ ಅರ್ಧ ಕನ್ನಡ ಆಡುವವರು. ಅವರ ತಲೆಯ ಮೇಲೆ ಗೋಡೆಯಲ್ಲಿ ಸಕ್ಕರೆಯ ಚಿತ್ರ, ಅದರ ಮೇಲೆ ಕೆಂಪು ಗೀಟು.

"ಹಿಂದಿನ ವರ್ಷದ ಸೊಸೀನ್ನ ತೋರಸ್ರಿ" ಅಂದಳು ದೊಡ್ಡವ್ವ.

ನಾನು ನೆಲ ನೋಡಿದೆ. ಅವರಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ನಗುತ್ತಾ, ವರ್ಷ ಮುಗಿಸಿ ಹೊರಡುವುದರಲ್ಲಿದ್ದ ಒಬ್ಬ ಹುಡುಗಿಯನ್ನು ಒಳಗಿನಿಂದ ಕರೆಸಿದರು. ದೊಡ್ಡವ್ವ ಅವಳ ಕೈ ಹಿಡಿದು ಕೇಳಿದಳು, "ನೀ ನಿನ್ನ ಕೈಲೆ ಎಷ್ಟು ಮಾಡೀದವಾ?"

"ಇಪ್ಪತ್ತಾರು" ಅಂದಳು ಹುಡುಗಿ. "ಮೊದಲಿನ ಐದು ಸಲ ಸರ್ ನನ್ನ ಕೈ ಹಿಡ್ಕೊಂಡು ನಿಂತಿದ್ರು. ಬೈದಿದ್ದು ಮಾತ್ರ ಇಪ್ಪತ್ತಾರೂ ಸಲ."

"ಬೈತಾರ?" ದೊಡ್ಡವ್ವ ಖುಷಿಯಾದಳು. "ಹಂಗಾದ್ರ ಕೆಲಸಾ ಕೊಡ್ತಾರ. ನಮಗ ಒಪ್ಪಿಗಿ ಅದ."

ಒಪ್ಪಿಗೆ ಆದರೆ ನಮ್ಮಲ್ಲಿ ಅಲ್ಲೇ ಬಾಯಿ ಸಿಹಿ ಮಾಡಬೇಕು, ಇಲ್ಲದಿದ್ದರೆ ಮಾತು ಪಕ್ಕಾ ಆದಂತಲ್ಲ. ದೊಡ್ಡವ್ವ ಸೆರಗಿನ ಗಂಟಿನಿಂದ ಸಕ್ಕರೆ ಪುಡಿಕೆ ತೆಗೆದಳು. ನಾನು "ದೊಡ್ಡವ್ವ, ಬ್ಯಾಡ" ಅನ್ನುವುದರೊಳಗೆ ಒಂದು ಚಿಟಿಕೆ ಮುಖ್ಯಸ್ಥರ ಬಾಯಿಗೆ ಹೋಯಿತು. ಮೂವತ್ತು ವರ್ಷ ಊರಿಗೆಲ್ಲ ಸಕ್ಕರೆ ಬಿಡಿಸಿದ ಮನುಷ್ಯ, ಅದೇ ಚಿತ್ರದ ಕೆಳಗೆ ಕಣ್ಣು ಮುಚ್ಚಿ ಚಪ್ಪರಿಸಿದರು. ನನಗೆ ಹಾಕಿದಳು, ಆ ಹುಡುಗಿಗೆ ಹಾಕಿದಳು, ಬಾಗಿಲ ಹತ್ತಿರ ನಿಂತಿದ್ದ ನರ್ಸಮ್ಮನಿಗೂ ಹಾಕಿದಳು.

ಮುಖ್ಯಸ್ಥರು ಎದ್ದು ನಿಂತರು. ಈಗ ಅಡ್ಮಿಷನ್ ಹೋಯಿತು ಎಂದುಕೊಂಡೆ.

"ಸಂಬಂಧ ಪಕ್ಕಾ" ಅಂದರು. "ಈಗ ಎಲ್ಲಾರೂ ಸಾಲಾಗಿ ನಿಂತು ಬಾಯಿ ಮುಕ್ಕಳಸ್ರಿ. ಬೀಗತಿಯವರು ಮದ್ಲು."

ಪೊಳ್ಳು ಇಲ್ಲ

ವರ್ಷ ಕಳೆಯಿತು. ಬೈಗುಳ ಹೇರಳವಾಗಿ ಸಿಕ್ಕವು, ಕೆಲಸವೂ ಸಿಕ್ಕಿತು. ಸೇಡಂಗೆ ಬಂದ ವಾರದಲ್ಲೇ ಶಹಾಬಾದಿನ ಗವಂಡಿ ಹಾಜರ್. ನಮಸ್ಕಾರ ಇಲ್ಲ, ಏನಿಲ್ಲ.

"ಎಷ್ಟು ಕುಂದ್ರಿಸೀದಿ?"

"ಇಪ್ಪತ್ತೊಂಬತ್ತು, ಕಾಕಾ. ಎಲ್ಲಾ ನನ್ನ ಕೈಲೆ."

ಗವಂಡಿ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದ. ಖಾಲಿ ಜಾಗ ಹಾಗೇ ಇತ್ತು. ನಮ್ಮ ಡಾಕ್ಟರು ಪಕ್ಕದಲ್ಲಿ ನಿಂತು, ತಾವೇ ನಳಿಗೆ ಹಿಡಿದರು. ಕೆಲಸ ಮುಗಿದ ಮೇಲೆ "ಕುರ್ಚಿ ನಿಂದೇ" ಅಂದು ಕನ್ನಡಕ ಒರೆಸಿಕೊಂಡರು. ನನಗೂ ಕಣ್ಣು ತುಂಬಿತ್ತು, ಅಷ್ಟು ಸಂತೋಷ ಆಗಿತ್ತು.

ಮೂರು ತಿಂಗಳಾದ ಮೇಲೆ ಸ್ಕ್ರೂ ಎಲುಬಿಗೆ ಕೂಡಿದೆಯೋ ಇಲ್ಲವೋ ನೋಡಬೇಕು. ಎಕ್ಸ್‌ರೇ ತೆಗೆದು, ಕನ್ನಡಿಯ ಹಿಡಿಯಿಂದ ಅದನ್ನು ಮೆಲ್ಲಗೆ ಬಡಿದೆ. ನಮಗೆ ಕಲಿಸುವುದೇ ಹಾಗೆ, ಗಟ್ಟಿಯಾಗಿದ್ದರೆ ಠಣ್ ಅನ್ನಬೇಕು. ಠಣ್ ಅಂದಿತು. ನಾನು ಬಾಯಿ ಬಿಡುವ ಮೊದಲೇ ಗವಂಡಿ ತೀರ್ಪು ಕೊಟ್ಟ. ನಲವತ್ತು ವರ್ಷ ಒಂದೊಂದು ಫರಸಿಯನ್ನೂ ಹೀಗೇ ಬಡಿದು ಸಪ್ಪಳ ಕೇಳಿದ ಕಿವಿ ಅದು.

"ಪೊಳ್ಳು ಇಲ್ಲ. ಪಾಸ್."

ನಾನು, ನಮ್ಮ ಡಾಕ್ಟರು ಇಬ್ಬರೂ ನಕ್ಕೆವು. ಗವಂಡಿ ಮಾತ್ರ ನಗಲಿಲ್ಲ. ಮತ್ತೆ ಬಾಯಿ ತೆರೆದು ಬೆರಳು ಪಕ್ಕದ ಹಲ್ಲಿಗೆ ಹಚ್ಚಿದ.

"ತಂಗಿ, ಈ ಬಾಜೂದ್ದೂ ಜರಾ ಬಡದು ನೋಡು. ಅದು ದೇವರು ಕುಂದ್ರಿಸಿದ್ದು. ಅಂವ ಎಲ್ಲಿ ಕಲ್ತು ಬಂದಾನೋ ಯಾರೂ ವಿಚಾರಣಿ ಮಾಡಿಲ್ಲ."