ಬ್ರೇಕ್ ಹಾಕಿದ್ದು ಯಾರು?

ಕುಂದಗೋಳದಲ್ಲಿ ಕಾರು ಕಲಿಸುವವನು ನಾನು. ಊರವರ ಬಾಯಲ್ಲಿ ‘ಗಾಡಿ ಮಾಸ್ತರ’. ಸಂಜೆ ಮನೆಗೆ ಹೋದರೆ ಹೆಂಡತಿ ನೀರು ಕೊಡುವ ಮೊದಲೇ “ಇವತ್ತೇನಾತು?” ಅಂತ ಕೇಳುತ್ತಾಳೆ. “ಏನೂ ಆಗಲಿಲ್ಲ” ಅಂತ ಹೇಳುವ ಭಾಗ್ಯ ಇನ್ನೂ ನನಗೆ ಬಂದಿಲ್ಲ. ನಮ್ಮ ಕಡೆಯ ಜನ ಟ್ರ್ಯಾಕ್ಟರ್ ಮೇಲೆ ಕೂತೇ ಬೆಳೆದವರು, ಸ್ಟೇರಿಂಗು ಗೇರು ಬೇಗ ಕಲಿಯುತ್ತಾರೆ. “ಓಡಿಸೂದು ಕಲಸ್ರಿ” ಅಂತ ಬಂದವರು ಲೆಕ್ಕವಿಲ್ಲ. “ನಿಲ್ಲಿಸೂದು ಕಲಸ್ರಿ” ಅಂತ ಬಂದವನು ಮಾತ್ರ ಇವತ್ತಿನ ತನಕ ಒಬ್ಬನೇ ಒಬ್ಬ. ನನ್ನ ಕಲಿಸುವ ಕಾರಿನಲ್ಲಿ ಎಡಗಡೆ ಸೀಟಿನ ಮುಂದೆಯೂ, ಅಂದರೆ ನನ್ನ ಕಾಲ ಕೆಳಗೂ, ಒಂದು ಬ್ರೇಕು ಇರುವುದು ಅದಕ್ಕೇ.

ತಾನಾಗಿ ಬೀಳುವ ಬ್ರೇಕು

ಒಬ್ಬರು ನಿವೃತ್ತ ಹೆಡ್‌ಮಾಸ್ತರು ಕಲಿಯಲು ಬಂದರು. ಶಿಸ್ತಿನ ಮನುಷ್ಯ. ಎರಡೂ ಕೈ ಸ್ಟೇರಿಂಗ್ ಮೇಲೆ, ಬೆನ್ನು ನೆಟ್ಟಗೆ, ಕಣ್ಣು ದೂರದ ಮೇಲೆ. ಎಲ್ಲವೂ ಸರಿ, ಬಲಗಾಲು ಮಾತ್ರ ಅವರದಲ್ಲ ಅನ್ನುವ ಹಾಗೆ ಇರುತ್ತಿತ್ತು. ಎದುರಿಗೆ ಚಕ್ಕಡಿ ಬಂದರೆ ನಾನು ಒತ್ತಬೇಕು, ಕುರಿ ಹಿಂಡು ಬಂದರೆ ನಾನು ಒತ್ತಬೇಕು. ಗಾಡಿ ನಿಂತ ಕೂಡಲೇ ಅವರು ನನ್ನ ಕಡೆ ತಿರುಗಿ, “ನೋಡಿದ್ರಿ? ಹೆಂಗ ನಿಲ್ಲಿಸಿದೆ!” ಅನ್ನುತ್ತಿದ್ದರು.

“ಸರ್, ಅದು ನಾ ಹಾಕಿದ್ದು” ಅಂತ ಹೇಳಿ ನೋಡಿದೆ.

“ನೀವು ಹಾಕೂ ಮೊದಲs ನಾ ಮನಸಿನ್ಯಾಗ ಹಾಕಿದ್ದೆ” ಅಂದರು.

ಅವರ ಸ್ವಂತ ಕಾರು ಬಂತು. ಎರಡನೆಯ ದಿನ ಬೆಳಗ್ಗೆ ಸಿಟ್ಟಿನಿಂದ ಉರಿಯುತ್ತ ನನ್ನ ಬಾಗಿಲಿಗೆ ಬಂದರು. ಅವರ ಮನೆಯ ಕಂಪೌಂಡಿನ ಗೇಟು ಒಳಗೆ ಬಗ್ಗಿತ್ತಂತೆ, ಕಾರಿನ ಮೂತಿಯೂ ಒಳಗೆ ಬಗ್ಗಿತ್ತು.

“ಮಾಸ್ತರ, ನನಗ ಖೊಟ್ಟಿ ಗಾಡಿ ಕೊಟ್ಟಾರ! ಬ್ರೇಕ್ ತಾನಾಗಿ ಬೀಳವಲ್ದು!”

“ಯಾವ ಗಾಡಿದೂ ತಾನಾಗಿ ಬೀಳೂದಿಲ್ರಿ ಸರ್. ನನ್ನ ಗಾಡ್ಯಾಗ ಬೀಳತಿತ್ತಲ್ಲ, ಅದು ನನ್ನ ಕಾಲು.”

ಹೆಡ್‌ಮಾಸ್ತರು ಕಟ್ಟೆಯ ಮೇಲೆ ಕೂತರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಕೊನೆಗೆ ತಲೆ ಎತ್ತಿ ಹೇಳಿದರು:

“ಅಂದ್ರ ಇಷ್ಟ ದಿವಸ ಫೀ ಕೊಟ್ಟಾಂವ ನಾನು, ಕಲತವರು ನೀವು!”

ಸೀದ ವಾಸನೆ

ಅಣ್ಣಿಗೇರಿಯ ಗಂಡ-ಹೆಂಡತಿ ಇಬ್ಬರೂ ನನ್ನ ಹತ್ತಿರ ಕಲಿತವರು. ಒಂದು ಭಾನುವಾರ ಗಂಡನ ಅವ್ವನ ಮನೆಯಿಂದ ಡಬ್ಬಿ ತುಂಬ ಎಣ್ಣಿಗಾಯಿ ಕಟ್ಟಿಸಿಕೊಂಡು ಹೊರಟರು. ಗಂಡ ಓಡಿಸುತ್ತಿದ್ದ. ಸ್ವಲ್ಪ ದೂರ ಬರುವುದರೊಳಗೆ ಗಾಡಿ ತುಂಬ ಸೀದ ವಾಸನೆ.

“ಎಣ್ಣಿಗಾಯಿ ಸೀಸೀದೇನs?” ಅಂತ ಗಂಡ ಹೆಂಡತಿಗೆ ಗದರಿಸಿದ.

“ನಾ ಎಲ್ಲಿ ಮಾಡೀನ್ರಿ? ನಿಮ್ಮ ಅವ್ವಾರು ಮಾಡ್ಯಾರ.”

ಗಂಡ ಒಂದು ಸಲ ದೀರ್ಘವಾಗಿ ಮೂಸಿದ. “ಹೌದs? ಅದಕ್ಕs ಮತ್ತ, ಏನ್ ಘಮಾ ಘಮಾ ಅನ್ನಾಕತ್ತೈತಿ!”

ಆ ಘಮಲಿನಲ್ಲೇ ಕುಂದಗೋಳದ ತನಕ ಬಂದು ನನ್ನ ಮನೆ ಮುಂದೆ ನಿಂತರು, ಎಣ್ಣಿಗಾಯಿ ಕೊಡಲು. ನಾನು ನೋಡುತ್ತೇನೆ, ಹಿಂದಿನ ಎರಡೂ ಗಾಲಿಯಿಂದ ಹೊಗೆ. ಮುಂದೆ ಮೀಟರಿನ ಪಕ್ಕದಲ್ಲಿ ಕೆಂಪು ದೀಪ ಉರಿಯುತ್ತಿದೆ. ಹ್ಯಾಂಡ್‌ಬ್ರೇಕು ಎಳೆದದ್ದು ಎಳೆದ ಹಾಗೇ ಇತ್ತು.

“ಆ ದೀಪ ಕಾಣಲಿಲ್ಲೇನೋ ತಮ್ಮಾ?”

“ಕಂಡಿತ್ರಿ. ಚಂದ ಕಾಣಲಿ ಅಂತ ಇಟ್ಟಿರಬೇಕು ಅಂದ್ಕೊಂಡೆ.”

ಗಂಡ ಅವಸರದಲ್ಲಿ ಗಾಲಿಗೆ ನೀರು ಸುರಿಯಲು ಕೊಡ ಎತ್ತಿದ್ದ. ತಡೆದೆ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆ, ತಾನಾಗಿ ಆರಲಿ, ಆಮೇಲೆ ಮೆಕ್ಯಾನಿಕ್ ನೋಡಲಿ, ಅಲ್ಲಿಯವರೆಗೆ ಓಡಿಸಬೇಡ ಅಂದೆ. ಆರುವ ತನಕ ಎಲ್ಲರೂ ಕೂತು ರೊಟ್ಟಿ ಎಣ್ಣಿಗಾಯಿ ತಿಂದೆವು. ಪಲ್ಯ ಅಗದಿ ಚಲೋ ಇತ್ತು, ಎಲ್ಲೂ ಸೀದಿರಲಿಲ್ಲ. ಹೆಂಡತಿ ಮಾತ್ರ ಊಟದ ನಡುವೆ ಗಂಡನ ಕಡೆ ಒಂದೇ ಒಂದು ಸಲ ನೋಡಿ ಕೇಳಿದಳು:

“ಇನ್ನೊಂದ ಸ್ವಲ್ಪ ಘಮಾ ಘಮಾ ಹಾಕಲೇನ್ರಿ?”

ಗುರ್ರ್ ಅಂದ ಬ್ರೇಕು

ಶಲವಡಿಯ ಗೌಡರೊಬ್ಬರು ಮಳೆಗಾಲದಲ್ಲಿ ಫೋನು ಮಾಡಿದರು.

“ಮಾಸ್ತರ, ನಾ ಬಣವ್ಯಾಗ ಅದೀನಿ. ಲಗೂನ ಬರ್ರಿ.”

ಹೋಗಿ ನೋಡಿದರೆ ನಿಜವಾಗಿಯೂ ಬಣವೆಯೊಳಗೇ ಇದ್ದರು. ರಸ್ತೆ ಬದಿಯ ಜೋಳದ ಕಣಕಿಯ, ಅಂದರೆ ಒಣದಂಟಿನ ಬಣವೆ, ಅದರೊಳಗೆ ಅರ್ಧ ಕಾರು. ಪಕ್ಕದಲ್ಲಿ ಒಂದು ಎಮ್ಮೆ ಕೆಡವಿದ ಕಣಕಿಯನ್ನು ನೆಮ್ಮದಿಯಿಂದ ಮೇಯುತ್ತಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಗೌಡರ ತಲೆಯ ಪಟಗದಲ್ಲಿ ಮಾತ್ರ ಎರಡು ಕಣಕಿ ನಿಂತಿದ್ದವು.

ಆದದ್ದು ಇಷ್ಟು. ಟ್ರ್ಯಾಕ್ಟರುಗಳು ಹೊಲದಿಂದ ತಂದ ಕಪ್ಪು ಎರಿಮಣ್ಣು ಡಾಂಬರಿನ ಮೇಲೆ ಬಿದ್ದು, ಮಳೆಗೆ ನೆನೆದು ಬೆಣ್ಣೆಯಾಗಿತ್ತು. ಎಮ್ಮೆ ಅಡ್ಡ ಬಂತು. ಗೌಡರು ಜೋರಾಗಿ ಬ್ರೇಕ್ ಒತ್ತಿದರು.

“ಒತ್ತಿದೆ ನೋಡ್ರಿ, ಕಾಲ ಕೆಳಗ ಏನೋ ಗುರ್ರ್ ಅಂತು. ಗಡಗಡಾ ಅಂತ ಕಾಲ ಝಾಡಿಸಿತು. ಮುರೀತು ಅಂದ್ಕೊಂಡು ಕಾಲ ತಗದೆ. ಎಮ್ಮಿ ತಪ್ಪಸಾಕ ಹೋಗಿ ಇಲ್ಲಿ ಬಂದೆ.”

ನನಗೆ ನಗು ಬಂತಾದರೂ ನುಂಗಿಕೊಂಡೆ. ಎಮ್ಮೆಯ ಜಾಗದಲ್ಲಿ ಮನುಷ್ಯರಿದ್ದಿದ್ದರೆ ಅಂತ ಗೌಡರು ಮತ್ತೆ ಮತ್ತೆ ರಸ್ತೆಯ ಕಡೆ ನೋಡುತ್ತಿದ್ದರು. ಕೂಡಿಸಿ, ಸಾವಕಾಶ ಹೇಳಿದೆ.

“ಗೌಡ್ರ, ಅದು ಮುರದದ್ದಲ್ರಿ, ಕೆಲಸ ಮಾಡಾಕತ್ತಿದ್ದು. ಗಾಲಿ ಕಚ್ಚಿಕೊಂಡು ಜಾರಬಾರದು ಅಂತ ಗಾಡಿ ತಾನ ಹಿಡೀತೈತಿ, ಬಿಡತೈತಿ, ಮತ್ತ ಹಿಡೀತೈತಿ. ಅದಕ್ಕs ಕಾಲಿಗೆ ಗುರ್ರ್ ಅಂತೈತಿ. ಅದು ಗುರ್ರ್ ಅಂದಷ್ಟೂ ನೀವು ಒತ್ತಿ ಹಿಡೀಬೇಕು. ಒತ್ತಿ ಹಿಡಕೊಂಡs ಸ್ಟೇರಿಂಗ್ ತಿರುವಿದರ ಗಾಡಿ ನಿಮ್ಮ ಮಾತ ಕೇಳತೈತಿ. ಮಳ್ಯಾಗ ಮೊದಲs ಸಾವಕಾಶ ಬರ್ರಿ, ಅದು ಬ್ಯಾರೆ ಮಾತು.”

ಅಷ್ಟರಲ್ಲಿ ಗೌಡಸಾನಿಯವರು ಸುದ್ದಿ ಕೇಳಿ ಓಡಿ ಬಂದಿದ್ದರು. ಗಂಡ ಕ್ಷೇಮವಾಗಿರುವುದನ್ನು ಕಣ್ಣಾರೆ ನೋಡಿ, ಪಟಗದ ಕಣಕಿ ಕಿತ್ತು ಒಗೆದು, ನನಗೆ ಹೇಳಿದರು:

“ಇವರ ತಪ್ಪಲ್ಲ ಬಿಡ್ರಿ ಮಾಸ್ತರ. ಮನ್ಯಾಗ ನಾ ಗುರ್ರ್ ಅಂದಾಗೆಲ್ಲಾ ಕಾಲ ತಗದು ಓಡಿ ಓಡಿ ರೂಢಿ ಆಗೈತಿ.”

ಕಣ್ಣಿರುವ ಗಾಡಿ

ನಮ್ಮ ಓಣಿಯ ಕಿರಾಣಿ ಅಂಗಡಿಯ ಕಾಕಾ ಹೊಸ ಕಾರು ತಂದರು. ಎದುರಿಗೆ ಏನಾದರೂ ಬಂದರೆ ತಾನೇ ಬ್ರೇಕ್ ಹಾಕುವಂಥದ್ದು. ಅವತ್ತಿನಿಂದ ಅಂಗಡಿಯಲ್ಲಿ ಸಕ್ಕರೆಗಿಂತ ಆ ಕಾರಿನ ಮಾತೇ ಹೆಚ್ಚು ತೂಗಿತು. “ನಮ್ಮ ಗಾಡಿಗೆ ಕಣ್ಣ ಅದಾವು. ನಾ ಮಲಗಿದರೂ ಅದು ಎಚ್ಚರ ಇರತೈತಿ.”

ಚಹಾದಂಗಡಿ ಮಂದಿ ಸುಮ್ಮನಿರುತ್ತಾರೆಯೇ? “ಕಾಕಾ, ತೋರಸ್ರಿ ಮತ್ತ.”

ಎಲ್ಲರೂ ಸುಗ್ಗಿ ಮುಗಿದು ಖಾಲಿ ಬಿದ್ದಿದ್ದ ಕಣಕ್ಕೆ ಹೊರಟರು. ಕಾಕಾ ತಮ್ಮ ಹೆಂಡತಿಯ ತಮ್ಮನನ್ನು ಕರೆದು, “ನೀ ಹೋಗಿ ಮುಂದ ನಿಂದ್ರು” ಅಂದರು.

“ಭಾವಾ, ನೀವ ನಿಂದರ್ರಿ, ನಾ ಓಡಸ್ತೀನಿ” ಅಂದ ಅವನು.

ಇಬ್ಬರ ನಡುವೆ ಬಹಳ ಮರ್ಯಾದೆಯ ಮಾತುಕತೆ ನಡೆಯಿತು. ನಾನು ಕೀಲಿ ಕಸಿದುಕೊಂಡೆ. “ಯಾರೂ ನಿಂದ್ರೂದು ಬ್ಯಾಡ. ಕಾಕಾ, ಅದು ನೀವು ಮರತಾಗ ಉಳಸಾಕ ಇಟ್ಟದ್ದು, ಆಟ ತೋರಸಾಕಲ್ಲ. ಗಾಜಿಗೆ ಕೆಸರ ಹತ್ತಿದರ, ಬಿಸಲ ಎದುರಿದ್ದರ ಅದಕ್ಕೂ ಕಾಣೂದಿಲ್ಲ” ಅಂದೆ. ಯಾರು ಕೇಳಬೇಕು? ಕೊನೆಗೆ ಹೊಲದಿಂದ ಒಂದು ಬೆದರುಗೊಂಬೆ ತಂದು ನಿಲ್ಲಿಸುವುದು, ಮಂದಿಯೆಲ್ಲ ಗಿಡದ ಹಿಂದೆ ನಿಲ್ಲುವುದು ಅಂತ ರಾಜಿಯಾಯಿತು. ಗೊಂಬೆಗೆ ಕಾಕಾನ ಹಳೆಯ ಅಂಗಿ ತೊಡಿಸಿದರು.

ಕಾಕಾ ಗಾಡಿ ಬಿಟ್ಟರು. ಗಾಡಿ ಪೀಂ ಪೀಂ ಅಂತ ಚೀರಿತು. ಕಾಕಾ ಇನ್ನಷ್ಟು ಒತ್ತಿದರು. ಕಾಕಾನ ಅಂಗಿ ಕಾಕಾನ ಗಾಲಿಯ ಕೆಳಗೆ ಹೋಯಿತು.

“ಅಲ್ರಿ ಕಾಕಾ, ಎಕ್ಸಲೇಟರ್ ಮ್ಯಾಲೆ ಕಾಲ ಯಾಕ ಇಟ್ಟಿದ್ರಿ? ನೀವು ಒತ್ತಿ ಹಿಡದರ ಮಾಲಕಗ ಗೊತ್ತೈತಿ ಅಂತ ಗಾಡಿ ಸುಮ್ಮನಾಗತೈತಿ. ಅದರ ಮ್ಯಾಲೆ ಹುಲ್ಲಿನ ಗೊಂಬಿ, ಅದಕ್ಕ ಏನ ಕಂಡಿತೋ ಏನೋ!” ಅಂದೆ ನಾನು.

ಕಾಕಾ ಸೋಲು ಒಪ್ಪುವ ಪೈಕಿ ಅಲ್ಲ. “ಗೊಂಬಿ ಅಂತ ಅದಕ್ಕ ಗುರ್ತ ಹತ್ತೈತಿ, ಅದಕ್ಕs ನಿಂತಿಲ್ಲ. ಖರೇ ಮನುಷ್ಯಾ ಇದ್ದರ ನಿಲ್ಲತೈತಿ. ಯಾರರ ಒಬ್ಬರು ಬರ್ರಿ” ಅಂತ ತಿರುಗಿ ನೋಡಿದರು.

ಗಿಡದ ಹಿಂದೆ ಗಿಡದ ನೆರಳು ಮಾತ್ರ ಇತ್ತು.

ಹಿಟ್ಟಿನ ಡಬ್ಬಿ

ಬೀಜ-ಗೊಬ್ಬರದ ಅಂಗಡಿಯ ಹುಡುಗನೊಬ್ಬ ಲೈಸೆನ್ಸು ತೆಗೆದುಕೊಂಡ ಹೊಸತರಲ್ಲೇ ಅವನಿಗೆ ದುಮ್ಮವಾಡದಲ್ಲಿ ಕನ್ಯೆ ನೋಡುವುದು ನಿಗದಿಯಾಯಿತು. ತನ್ನ ಹೊಸ ಕಾರನ್ನು ತಾನೇ ಓಡಿಸಿಕೊಂಡು ಹೋಗಬೇಕೆಂಬ ಹಟ ಅವನದು. ಅವನ ಅವ್ವನಿಗೆ ಹೆದರಿಕೆ. “ಮಾಸ್ತರ, ನೀವು ಬಾಜೂಕ ಕುಂದರ್ರಿ” ಅಂತ ನನ್ನನ್ನೂ ಹತ್ತಿಸಿದರು. ಹಿಂದೆ ಅವ್ವ ಮತ್ತು ಸೋದರಮಾವ.

ಕಲಘಟಗಿ ದಾಟುವ ತನಕ ಚಲೋ ಓಡಿಸಿದ. ದುಮ್ಮವಾಡದ ಓಣಿ ಹೊಕ್ಕ ಕೂಡಲೇ ಕನ್ನಡಿ ತನ್ನ ಕಡೆ ತಿರುಗಿಸಿಕೊಂಡು ಕ್ರಾಪು ಸರಿಮಾಡತೊಡಗಿದ. ಅದೇ ಹೊತ್ತಿಗೆ ಹಿಟ್ಟಿನ ಗಿರಣಿಯಿಂದ ಒಬ್ಬ ಹುಡುಗಿ ಡಬ್ಬಿ ಹೊತ್ತು ರಸ್ತೆಗೆ ಇಳಿದಳು. ನಾನು ಚೀರಿ ಕಾಲು ಒತ್ತಿದೆ. ಆದರೆ ಅದು ನನ್ನ ಕಾರಲ್ಲ, ನನ್ನ ಕಾಲ ಕೆಳಗೆ ಬರೀ ಮ್ಯಾಟು.

ಕಾಕಾನ ಗಾಡಿಯಂತೆ ಈ ಗಾಡಿಗೂ ಕಣ್ಣಿತ್ತು, ಪೀಂ ಅಂದು ತಾನೇ ಗಕ್ಕನೆ ನಿಂತಿತು. ಮಾವನ ಟೊಪ್ಪಿಗೆ ಮುಂದೆ ಬಂದು ನನ್ನ ತೊಡೆಯ ಮೇಲೆ ಬಿತ್ತು. ಹುಡುಗಿ ಬಂಪರಿನಿಂದ ಒಂದು ಮೊಳ ದೂರದಲ್ಲಿದ್ದಳು. ಪೆಟ್ಟಿಲ್ಲ. ಆದರೆ ಗಾಬರಿಗೆ ಡಬ್ಬಿ ಕೈ ಜಾರಿ, ತಲೆಯಿಂದ ಕಾಲಿನ ತನಕ ಜೋಳದ ಹಿಟ್ಟು.

“ಕಣ್ಣ ಎಲ್ಲಿ ಇಟ್ಟಿದ್ರಿ?” ಅಂದಳು.

“ಕನ್ನಡ್ಯಾಗ್ರಿ” ಅಂದ ಹುಡುಗ. ಹೆದರಿದ್ದಕ್ಕೆ ಸುಳ್ಳು ಹೊಳೆದಿರಲಿಲ್ಲ.

“ಯಾರ ಮನಿಗೆ ಹೊಂಟೀರಿ?”

ಮಾವ ಮನೆಯ ಗುರುತು ಹೇಳಿದರು. ಹುಡುಗಿ ಒಂದು ಕ್ಷಣ ಎಲ್ಲರ ಮುಖ ನೋಡಿ, “ಸೀದಾ ಹೋಗ್ರಿ, ಬೇವಿನ ಗಿಡದ ಬಾಜೂಕ” ಅಂದು ಸಂದಿಯಲ್ಲಿ ಮಾಯವಾದಳು.

ಬೇವಿನ ಗಿಡದ ಪಕ್ಕದ ಮನೆಯಲ್ಲಿ ಅವಲಕ್ಕಿಯ ತಾಟು ಹಿಡಿದು ಹೊರಗೆ ಬಂದವಳು ಅವಳೇ. ಸೀರೆ ಬದಲಾಗಿತ್ತು, ಕಿವಿಯ ಹಿಂದೆ ಹಿಟ್ಟು ಹಾಗೇ ಇತ್ತು. ಹುಡುಗ ಅವಲಕ್ಕಿ ಇಲ್ಲದ ಬರೀ ಚಮಚ ಬಾಯಿಗಿಟ್ಟುಕೊಂಡ.

ಮಾವ ಸಾವರಿಸಿಕೊಂಡು, “ನಿನಗೇನರ ಕೇಳೂದೈತೇನವ್ವಾ?” ಅಂದರು.

“ಒಂದ ಐತ್ರಿ. ಆಗ ಗಿರಣಿ ಮುಂದ ಬ್ರೇಕ್ ಹಾಕಿದ್ದು ಇವರೋ, ಗಾಡಿನೋ?”

ಅವ್ವ ಮಗನಿಗೆ ‘ನಾನs ಅನ್ನು’ ಅಂತ ಕಣ್ಸನ್ನೆ ಮಾಡಿದಳು. ಹುಡುಗ ತಲೆ ತಗ್ಗಿಸಿ, “ಗಾಡಿರಿ” ಅಂದ.

“ಹಂಗಾದರ ನನಗ ಗಾಡಿ ಪಸಂದ್ ಐತಿ” ಅಂದಳು ಹುಡುಗಿ. “ಇವರು ಬ್ರೇಕ್ ಹಾಕೂದು ಕಲತು ಬರಲಿ, ಆಮ್ಯಾಲೆ ಇವರದೂ ನೋಡೂಣು.”

ಹೊಳ್ಳಿ ಬರುವಾಗ ನಾನೇ ಓಡಿಸಿದೆ. ಕಲಘಟಗಿ ಹತ್ತಿರ ಬಂದಾಗ ಹುಡುಗ, “ಮಾಸ್ತರ, ಒಂದ ಮೊಳ ಅಷ್ಟs ಇತ್ತಲ್ರಿ” ಅಂದ. ಮರುದಿನವೇ “ನಿಲ್ಲಿಸೂದು ಕಲಸ್ರಿ” ಅಂತ ನನ್ನ ಬಾಗಿಲಿಗೆ ಬಂದು ನಿಂತ. “ಗಾಡ್ಯಾಗ ಆ ಕಣ್ಣ ಇಲ್ಲs ಇಲ್ಲ ಅಂತ ತಿಳಕೊಂಡು ಓಡಸು. ದೂರ ನೋಡು, ಮುಂದಿನವನಿಂದ ಜಾಗಾ ಬಿಡು, ಲಗೂನ ಒತ್ತು, ಮೆತ್ತಗ ಒತ್ತು” ಅಂತ ಕಲಿಸಿದೆ. ಅಷ್ಟು ಶ್ರದ್ಧೆಯಿಂದ ಬ್ರೇಕ್ ಕಲಿತವರನ್ನು ನಾನು ನೋಡಿಲ್ಲ.

ಮತ್ತೆ ದುಮ್ಮವಾಡಕ್ಕೆ ಹೋದೆವು. ಹುಡುಗಿ ಬಂದು ಸೀದಾ ಮುಂದಿನ ಸೀಟಿನಲ್ಲಿ ಕೂತಳು. ನಾನು ಹಿಂದೆ, ಅವ್ವ ಮತ್ತು ಮಾವನ ನಡುವೆ. “ಕೆರಿ ತನಕ ಹೋಗಿ ಬರೂಣು” ಅಂದಳು.

ಹುಡುಗ ಹೊರಟ. ಕೋಳಿ ಅಡ್ಡ ಬಂತು, ದೂರದಿಂದಲೇ ಮೆತ್ತಗೆ ನಿಲ್ಲಿಸಿದ. ಕೋಳಿ ದಾಟಿತು, ಅದರ ಮರಿಗಳೂ ದಾಟಿದವು, ಅವನು ಇನ್ನೂ ನೋಡುತ್ತಿದ್ದ. ಮುಂದೆ ಒಬ್ಬ ಅಜ್ಜ ಕಟ್ಟೆಯಿಂದ ಏಳುವ ವಿಚಾರದಲ್ಲಿದ್ದ, ಅವನಿಗೂ ನಿಲ್ಲಿಸಿದ. ಅಜ್ಜ ವಿಚಾರ ಬದಲಿಸಿ ಮತ್ತೆ ಕೂತ. ಹಿಂದಿನಿಂದ ಬಂದ ಚಕ್ಕಡಿಯೊಂದು ನಮ್ಮನ್ನು ದಾಟಿ ಹೋಯಿತು. ಅದರಲ್ಲಿದ್ದವನು, “ಏನ್ರಿ, ಡೀಸೆಲ್ ತೀರೈತೇನು?” ಅಂತ ಕೇಳಿದ. ಹುಡುಗನ ಹಣೆಯಲ್ಲಿ ಬೆವರು, ಕಣ್ಣು ರಸ್ತೆಯ ಮೇಲೆ, ಕಾಲು ಬ್ರೇಕಿನ ಮೇಲೆ. ಅವ್ವ ನನ್ನ ಮೊಣಕೈ ಹಿಡಿದುಕೊಂಡು ಮನೆದೇವರನ್ನು ನೆನೆಯುತ್ತಿದ್ದಳು.

ಹುಡುಗಿ ಅವನ ಕಡೆ ತಿರುಗಿದಳು.

“ನಿಮಗ ಬ್ರೇಕ್ ಬರತೈತಿ, ನಾ ಒಪ್ಪಿದೆ. ಇನ್ನರ ಅದರ ಮ್ಯಾಲಿಂದ ಕಾಲ ತಗೀರಿ. ಮನ್ಯಾಗ ಅವ್ವ ಮಾಡಿದ ಹೋಳಿಗಿ ಆರಾಕತ್ತಾವು.”